ಮಕ್ಕಳ ವರ್ಧಂತಿಯೂ ಮನೆಯ ನೆನಪೂ

ಹೊಸದೊಂದು ಯಂತ್ರವು ಮನೆಗೆ ಬಂದೊಡನೆ ಹಳೆಯದೊಂದು ಹೊಣೆಯು ತೀರಿತೆಂದು ನಂಬುವುದು ಗೃಹಸ್ಥರಲ್ಲಿ ಸಾಮಾನ್ಯವಾದ ದೌರ್ಬಲ್ಯ. ಒರಳಿನ ವಿಷಯದಲ್ಲಿಯೂ ಬೀಸುವ ಕಲ್ಲಿನ ವಿಷಯದಲ್ಲಿಯೂ ಆ ನಂಬಿಕೆಯು ದಿಟವಾಯಿತು. ಹೆಂಗಸರ ತೋಳುಗಳಿಗೆ ಬಿಡುವು ದೊರೆಯಿತು. ಅದು ಸಂತೋಷಪಡತಕ್ಕ ಸಂಗತಿಯೇ. ಆದರೆ ಮಕ್ಕಳ ಬಾಲ್ಯವನ್ನು ಅವರಿಗಾಗಿ ಕಾದಿರಿಸುವ ಹೊಣೆಯನ್ನೂ ಹೀಗೆಯೇ ಮೊಬೈಲು ಫೋನಿಗೆ ಒಪ್ಪಿಸಿ, ತಮ್ಮ ಪಾಲಿನ ಕೆಲಸವು ಮುಗಿಯಿತೆಂದು ಸುಶಿಕ್ಷಿತ ಕುಟುಂಬಗಳು ಭಾವಿಸಿರುವುದು ದೊಡ್ಡ ತಪ್ಪು. ತಪ್ಪು ಮಾಡುವವರು ಹಿರಿಯರು. ಅದರ ನಷ್ಟವನ್ನು ಅನುಭವಿಸತಕ್ಕವರು ಮಕ್ಕಳು. ಹುಟ್ಟುಹಬ್ಬದ ಒಂದು ದಿನವನ್ನು ಪರೀಕ್ಷಿಸಿ ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಈಗಿನ ಹುಟ್ಟುಹಬ್ಬದ ಪರಿಯನ್ನು ಎಲ್ಲರೂ ಬಲ್ಲರು. ಬಾಡಿಗೆಯ ಸಭಾಂಗಣ, ಬಲೂನುಗಳ ಕಮಾನು, ಹೆಸರು ಬರೆಯಿಸಿದ ಕೇಕು. ಮಗುವು ಚಾಕುವನ್ನು ಒಮ್ಮೆ ಎತ್ತಿ ಇಳಿಸಿದರೆ ಸಾಲದು. ಫೋಟೋದವನಿಗೆ ಸರಿಯಾಗಿ ಸಿಕ್ಕಲಿಲ್ಲವೆಂದು ಮತ್ತೊಮ್ಮೆ ಎತ್ತಬೇಕು. ಸುತ್ತಲೂ ನಿಂತ ಹತ್ತು ಮಂದಿ ಬಂಧುಗಳ ಮುಖವನ್ನು ಹತ್ತು ಫೋನುಗಳು ಮರೆಮಾಡಿರುತ್ತವೆ. ಮಗುವಿನ ಕಣ್ಣಿಗೆ ಕಾಣುವುದು ಫೋನುಗಳು ಮಾತ್ರ. ಅದೇ ರಾತ್ರಿ ನಾಲ್ಕಾರು ಚಿತ್ರಗಳು ವಾಟ್ಸಾಪಿನ ಸ್ಟೇಟಸ್ಸಿಗೆ ಏರಿ, ೨೪ ಗಂಟೆಗಳಾದ ಮೇಲೆ ಅಲ್ಲಿಂದ ಅಳಿಸಿಹೋಗುತ್ತವೆ. ಉಳಿದ ನಾಲ್ಕು ನೂರು ಚಿತ್ರಗಳು ಫೋನಿನ ಹೊಟ್ಟೆಯಲ್ಲಿ, ಅಂಗಡಿಯ ರಸೀದಿ, ಬಸ್ಸಿನ ಟಿಕೆಟ್ಟು, ಮುಂಜಾನೆಯ ಶುಭಾಶಯದ ಹೂವುಗಳ ನಡುವೆ ಬಿದ್ದಿರುತ್ತವೆ. ಐದು ವರ್ಷಗಳ ಬಳಿಕ ಆ ಮನೆಯವರನ್ನೇ ಕೇಳಿ ನೋಡಬಹುದು: ಮೂಲೆಯಲ್ಲಿ ಕುಳಿತ ಆ ವೃದ್ಧೆ ಯಾರು? ಆ ದಿನ ಮಗುವು ಅತ್ತದ್ದೇಕೆ? ಅದು ಆಗ ಯಾವ ಹಾಡನ್ನು ಕೇಳಿ ಕುಣಿಯುತ್ತಿತ್ತು? ಉತ್ತರ ದೊರೆಯುವುದಿಲ್ಲ. ಮುಂಜಾನೆಯಿಂದ ಒಲೆಯ ಮುಂದೆ ನಿಂತು ಪಾಯಸ ಮಾಡಿದ ಅಜ್ಜಿಯು ಒಂದು ಚಿತ್ರದಲ್ಲಿಯೂ ಇರುವುದಿಲ್ಲ.

ಇಂಥ ಹುಟ್ಟುಹಬ್ಬದ ವಿಷಯವಾಗಿ ಮನೆಗಳಲ್ಲಿ ವಾದಗಳು ನಡೆಯದೆ ಇಲ್ಲ. ಮೇಣದ ಬತ್ತಿಯನ್ನು ಊದಿ ಆರಿಸುವುದು ಅಮಂಗಳ, ದೀಪ ಹಚ್ಚಿ ಆರತಿ ಎತ್ತುವುದೇ ಸರಿಯೆಂದು ಹಿರಿಯರು ಹೇಳುವರು. ಕಾಲಕ್ಕೆ ತಕ್ಕಂತೆ ನಡೆಯಬೇಕೆಂದು ಕಿರಿಯರು ಹೇಳುವರು. ತಾರೀಖಿನ ಪ್ರಕಾರವೋ ಜನ್ಮನಕ್ಷತ್ರದ ಪ್ರಕಾರವೋ ಎಂಬುದು ಇನ್ನೊಂದು ವಾದ. ಈ ವಾದಗಳಲ್ಲಿ ಯಾವ ಪಕ್ಷವು ಗೆದ್ದರೂ ಮಗುವಿಗೆ ಉಳಿಯುವುದು ಅಷ್ಟೇ. ಎಣ್ಣೆನೀರು, ಹೊಸ ಬಟ್ಟೆ, ಆರತಿಗಳಿಂದ ಶಾಸ್ತ್ರೋಕ್ತವಾಗಿ ನಡೆದ ವರ್ಧಂತಿಯೂ ಮರವೆಯ ಪಾಲಾಗುತ್ತದೆ. ಕೇಕು ಕೊಯ್ದ ಹುಟ್ಟುಹಬ್ಬವೂ ಆಗುತ್ತದೆ. ಹಿಂದಿನವರು ಈ ವಿಷಯದಲ್ಲಿ ಹೆಚ್ಚು ಜಾಣರಾಗಿದ್ದರೆಂದು ಹೊಗಳುವುದಕ್ಕೂ ಆಸ್ಪದವಿಲ್ಲ. ಮಗುವು ಹುಟ್ಟಿದ ಗಳಿಗೆ ವಿಗಳಿಗೆಗಳನ್ನು ಜಾತಕದಲ್ಲಿ ಬರೆಯಿಸಿಟ್ಟ ಮನೆತನಗಳು, ಆ ಮಗುವು ನಡೆಯಲು ಕಲಿತ ದಿನವನ್ನು ಎಲ್ಲಿಯೂ ಬರೆದಿಡಲಿಲ್ಲ. ಗ್ರಹಗಳ ಲೆಕ್ಕವು ಉಳಿಯಿತು. ಮಗುವಿನ ಲೆಕ್ಕವು ಹೋಯಿತು.

ಹುಟ್ಟುಹಬ್ಬವನ್ನು ಮಗುವೇ ನೆನಪಿಟ್ಟುಕೊಳ್ಳಲಿ ಎನ್ನುವಂತಿಲ್ಲ. ವಯಸ್ಕರಿಗೆ ತಮ್ಮ ಬಾಲ್ಯದ ಅತ್ಯಂತ ಹಿಂದಿನ ನೆನಪು ಸಾಮಾನ್ಯವಾಗಿ ಮೂರು ಅಥವಾ ಮೂರೂವರೆ ವರ್ಷದ್ದು. ಅದಕ್ಕಿಂತ ಹಿಂದಿನದೆಲ್ಲವೂ ಅಳಿಸಿಹೋಗಿರುತ್ತದೆ. ಮನಶ್ಶಾಸ್ತ್ರಜ್ಞರು ಇದನ್ನು ಶೈಶವವಿಸ್ಮೃತಿ ಎಂದು ಗುರುತಿಸಿದ್ದಾರೆ. ಆದಕಾರಣ ಮೊದಲ ಎರಡು ಮೂರು ಹುಟ್ಟುಹಬ್ಬಗಳಿಗೆ ಮನೆಯ ಹಿರಿಯರ ಹೊರತು ಬೇರೆ ಸಾಕ್ಷಿಗಳಿಲ್ಲ. ಆ ದಿನಗಳು ಮಗುವಿನ ಸೊತ್ತು. ಹಿರಿಯರ ವಶದಲ್ಲಿರುವುದು ಅದರ ಧರ್ಮದರ್ಶಿತ್ವ ಮಾತ್ರ. ಅಪ್ರಾಪ್ತವಯಸ್ಕನ ಆಸ್ತಿಯನ್ನು ಕಾಯತಕ್ಕವನು ಲೆಕ್ಕವನ್ನೇ ಬರೆಯದಿದ್ದರೆ ನ್ಯಾಯಸ್ಥಾನವು ಸುಮ್ಮನಿರದು. ಇಲ್ಲಿಯಾದರೋ ಕೇಳುವವರಿಲ್ಲ.

‘ಚಿತ್ರಗಳಿರುವಾಗ ಬರವಣಿಗೆಯೇಕೆ?’ ಎಂಬುದು ಮೊದಲನೆಯ ಆಕ್ಷೇಪ. ಇದಕ್ಕೆ ಉತ್ತರವು ಒಬ್ಬ ತಂದೆಯ ಜೀವನದಲ್ಲಿ ದೊರೆಯುತ್ತದೆ. ಇಂಗ್ಲೆಂಡಿನ ವಿಜ್ಞಾನಿ ಚಾರ್ಲ್ಸ್ ಡಾರ್ವಿನ್ನನು ೧೮೩೯ರಲ್ಲಿ ಹುಟ್ಟಿದ ತನ್ನ ಚೊಚ್ಚಲು ಮಗನ ನಗು, ಕೋಪ, ಭಯಗಳನ್ನು ತಾರೀಖುಸಹಿತ ಬರೆದಿಟ್ಟನು. ಆ ಟಿಪ್ಪಣಿಗಳ ಆಧಾರದ ಮೇಲೆ ೧೮೭೭ರಲ್ಲಿ ಲೇಖನವೊಂದನ್ನು ಪ್ರಕಟಿಸಿದನು. ಆದರೆ ಇಲ್ಲಿ ಪ್ರಸ್ತುತವಾದದ್ದು ಅವನ ಮಗಳು ಆ್ಯನಿಯ ಸಂಗತಿ. ಆಕೆಯು ೧೮೫೧ರ ಏಪ್ರಿಲ್ ೨೩ರಂದು ತನ್ನ ಹತ್ತನೆಯ ವಯಸ್ಸಿನಲ್ಲಿ ತೀರಿಕೊಂಡಳು. ೧೮೪೯ರಲ್ಲಿ ತೆಗೆಯಿಸಿದ ಆಕೆಯ ಛಾಯಾಚಿತ್ರವು ಮನೆಯಲ್ಲಿತ್ತು. ಹಾಗಿದ್ದರೂ ಆ ತಂದೆಯು ವಾರ ಕಳೆಯುವಷ್ಟರಲ್ಲಿ ಲೇಖನಿಯನ್ನು ಹಿಡಿದು ಮಗಳ ನಡೆನುಡಿಗಳನ್ನು ಬರೆಯಲು ಕುಳಿತನು. ಮುಂದಿನ ವರ್ಷಗಳಲ್ಲಿ ಆಕೆಯನ್ನು ಕಣ್ಣೆದುರಿಗೆ ತಂದುಕೊಳ್ಳಲು ಈ ಬರಹವೇ ನೆರವಾದೀತೆಂದು ಅವನು ನಂಬಿದನು. ಚಿತ್ರವು ಆಕೆಯನ್ನೇ ಹೋಲುತ್ತಿದ್ದರೂ ಮುಖಭಾವವನ್ನು ಹಿಡಿಯುವುದರಲ್ಲಿ ಸೋತಿದೆಯೆಂದೂ, ಅದನ್ನು ತೆಗೆದ ಮೇಲಿನ ಎರಡು ವರ್ಷಗಳಲ್ಲಿ ಮುಖವೇ ಬದಲಾಗಿತ್ತೆಂದೂ ಅವನು ದಾಖಲಿಸಿದ್ದಾನೆ. ತಂದೆಗಾಗಿ ನಸ್ಯದ ಚಿಟಿಕೆಯನ್ನು ಕದ್ದು ತಂದು ಮೆಟ್ಟಿಲಿಳಿದು ಓಡಿಬರುತ್ತಿದ್ದ ಮಗಳು, ಅರ್ಧ ಗಂಟೆಯ ಹೊತ್ತು ತಂದೆಯ ತಲೆಗೂದಲನ್ನು ಓರಣಮಾಡುತ್ತ ಕೂರುತ್ತಿದ್ದ ಮಗಳು, ಆ ಕಾಗದದಲ್ಲಿ ಇಂದಿಗೂ ಇದ್ದಾಳೆ. ಚಿತ್ರದಲ್ಲಿ ಇರುವುದು ಅಲುಗದೆ ಕುಳಿತ ಒಬ್ಬ ಹುಡುಗಿ.

ಮಗಳನ್ನು ಮೃತ್ಯುವು ಕೊಂಡೊಯ್ದದ್ದರಿಂದ ಆ ತಂದೆಯು ಬರೆದನು. ಮಕ್ಕಳು ಆರೋಗ್ಯದಿಂದ ಬೆಳೆಯುತ್ತಿರುವ ಮನೆಗಳಲ್ಲಿಯೂ ಒಂದು ಬಗೆಯ ಅಗಲಿಕೆಯು ನಡೆದೇ ಇರುತ್ತದೆ. ಮೂರು ವರ್ಷದ ಮಗುವು ನಾಲ್ಕು ವರ್ಷದ ಮಗುವಿಗೆ ಸ್ಥಳ ಬಿಟ್ಟುಕೊಟ್ಟು ಹೊರಟುಹೋಗುತ್ತದೆ, ಮರಳಿ ಬರುವುದಿಲ್ಲ. ರೊಟ್ಟಿಯನ್ನು ‘ಲೊಟ್ಟಿ’ ಎನ್ನುತ್ತಿದ್ದ ಕಂದನು ಒಂದು ಬೆಳಗ್ಗೆ ರೊಟ್ಟಿ ಎಂದೇ ಕೇಳುತ್ತಾನೆ. ಅಂದು ‘ಲೊಟ್ಟಿ’ಯು ಸತ್ತುಹೋಯಿತೆಂಬುದು ಮನೆಯಲ್ಲಿ ಯಾರ ಗಮನಕ್ಕೂ ಬರುವುದಿಲ್ಲ. ನಾಲ್ಕು ನೂರು ಚಿತ್ರಗಳಲ್ಲಿ ಒಂದೂ ಅದನ್ನು ಹೇಳಲಾರದು.

‘ಫೋನು ಕೆಟ್ಟರೇನು? ಎಲ್ಲವೂ ಅಂತರ್ಜಾಲದಲ್ಲಿ ಭದ್ರವಾಗಿದೆ’ ಎಂಬುದು ಎರಡನೆಯ ಆಕ್ಷೇಪ. ಭದ್ರತೆಯ ಈ ಭರವಸೆಯನ್ನು ಒಂದು ತಲೆಮಾರು ಆಗಲೇ ಪರೀಕ್ಷಿಸಿ ನೋಡಿದೆ. ೨೦೦೪ರಲ್ಲಿ ಆರಂಭವಾದ ಆರ್ಕುಟ್ ತಾಣದಲ್ಲಿ ಈ ದೇಶದ ಅಸಂಖ್ಯ ಜನರು ಚಿತ್ರಗಳನ್ನಿಟ್ಟಿದ್ದರು. ೨೦೧೪ರ ಸೆಪ್ಟೆಂಬರ್ ೩೦ರಂದು ಆ ತಾಣವೇ ಮುಚ್ಚಿತು. ಚಿತ್ರಗಳನ್ನು ಹಿಂದಕ್ಕೆ ಪಡೆಯಲು ಕೊಟ್ಟಿದ್ದ ಅವಧಿಯೂ ಮುಗಿದುಹೋಯಿತು. ಗೂಗಲ್ ಫೋಟೋಸ್ ಎಂಬ ಉಗ್ರಾಣವು ಮೊದಲು ಮಿತಿಯಿಲ್ಲದೆ, ಬಿಟ್ಟಿಯಾಗಿ ಚಿತ್ರಗಳನ್ನು ಇರಿಸಿಕೊಳ್ಳುತ್ತಿತ್ತು. ೨೦೨೧ರ ಜೂನ್ ೧ರಿಂದ ಆ ಔದಾರ್ಯವು ನಿಂತಿತು. ಬಾಡಿಗೆ ನಿಂತರೆ ಬಾಗಿಲು ಮುಚ್ಚುವ ಮನೆಯನ್ನು ಯಾರೂ ಸ್ವಂತ ಮನೆಯೆನ್ನುವುದಿಲ್ಲ. ಅಂತರ್ಜಾಲದ ಶಿಲ್ಪಿಗಳಲ್ಲಿ ಒಬ್ಬನಾದ ವಿಂಟ್ ಸರ್ಫ್ ಎಂಬಾತನೇ ೨೦೧೫ರಲ್ಲಿ, ನಿಜವಾಗಿ ಬೇಕೆನಿಸಿದ ಚಿತ್ರಗಳನ್ನು ಕಾಗದದ ಮೇಲೆ ಅಚ್ಚುಮಾಡಿಸಿಕೊಳ್ಳಿರೆಂದು ಜನರಿಗೆ ಎಚ್ಚರಿಕೆ ಹೇಳಿದನು. ಉಗ್ರಾಣವನ್ನು ಕಟ್ಟಿದವನೇ ಹೀಗೆ ಹೇಳುವಾಗ ಬೀಗದ ಕೈಯನ್ನೂ ಕಾಣದ ಗಿರಾಕಿಗಳು ನಿಶ್ಚಿಂತರಾಗಿರುವುದು ಸೋಜಿಗ.

ನಷ್ಟವು ಉಗ್ರಾಣದಲ್ಲಿ ಮಾತ್ರವಿಲ್ಲ. ನೋಡುವ ಕಣ್ಣಿನಲ್ಲಿಯೂ ಇದೆ. ಅಮೆರಿಕೆಯ ಫೇರ್‌ಫೀಲ್ಡ್ ವಿಶ್ವವಿದ್ಯಾಲಯದ ಲಿಂಡಾ ಹೆಂಕೆಲ್ ಎಂಬ ವಿದುಷಿಯು ವಸ್ತುಸಂಗ್ರಹಾಲಯವೊಂದರಲ್ಲಿ ಪ್ರಯೋಗ ನಡೆಯಿಸಿ, ಅದರ ಫಲವನ್ನು ೨೦೧೪ರಲ್ಲಿ ಪ್ರಕಟಿಸಿದಳು. ಬರಿಗಣ್ಣಿನಿಂದ ನೋಡಿದ ವಸ್ತುಗಳಿಗಿಂತ, ಪೂರ್ಣವಾಗಿ ಚಿತ್ರ ತೆಗೆದ ವಸ್ತುಗಳೇ ನೋಡಿದವರಿಗೆ ಕಡಿಮೆ ನೆನಪಿದ್ದುವು. ವಸ್ತುವಿನ ಒಂದು ಭಾಗವನ್ನು ಆರಿಸಿ ಹತ್ತಿರದಿಂದ ಚಿತ್ರ ತೆಗೆದಾಗ ಈ ನಷ್ಟವು ತೋರಲಿಲ್ಲ. ಗಮನವಿಟ್ಟು ಆರಿಸಿದಲ್ಲಿ ನೆನಪು ಉಳಿಯಿತು. ಯಂತ್ರವು ನೋಡಿಕೊಳ್ಳುವುದೆಂದು ಬಿಟ್ಟಲ್ಲಿ ಹೋಯಿತು. ಸುರುಳಿಗೆ ೩೬ ಚಿತ್ರಗಳು ಮಾತ್ರವೆಂಬ ಕಾಲದಲ್ಲಿ ಬಡತನವೇ ಈ ವಿವೇಕವನ್ನು ಕಲಿಸುತ್ತಿತ್ತು. ಈಗ ಅದನ್ನು ಬುದ್ಧಿಯಿಂದ ಕಲಿಯಬೇಕಾಗಿದೆ.

ಹಾಗಾದರೆ ಮಾಡತಕ್ಕದ್ದೇನು? ಅಂಗಡಿಗಳಲ್ಲಿ ಮಾರುವ ಚಿನ್ನದ ಬಣ್ಣದ ಸ್ಮರಣಸಂಪುಟಗಳೂ ಗಾಜಿನ ಚೌಕಟ್ಟಿನಲ್ಲಿ ಕೂರಿಸಿದ ಅಂಗೈಯ ಅಚ್ಚುಗಳೂ ಬೇಕಿಲ್ಲ. ಇಂಥವುಗಳಲ್ಲಿ ಮೊದಲ ಮೂರು ಪುಟಗಳು ತುಂಬಿ, ಉಳಿದವು ಬಿಳಿಯಾಗಿಯೇ ಇರುವುದನ್ನು ಅನೇಕ ಮನೆಗಳಲ್ಲಿ ಕಾಣಬಹುದು. ಸುಲಭವಾದ ನಾಲ್ಕು ಉಪಾಯಗಳು ಸಾಕು.

ಒಂದನೆಯದು, ದಪ್ಪ ರಟ್ಟಿನ ಒಂದು ನೋಟುಪುಸ್ತಕ. ಮಗುವಿಗೊಂದು ಪುಸ್ತಕ, ಹುಟ್ಟುಹಬ್ಬಕ್ಕೊಂದು ಪುಟ. ಅದೇ ರಾತ್ರಿ, ತಪ್ಪಿದರೆ ಮರುದಿನ, ತಾರೀಖು, ಊರು, ಬಂದವರ ಪೂರ್ಣ ಹೆಸರು ಮತ್ತು ನಂಟು, ಅಡಿಗೆ ಏನು, ಮಾಡಿದವರು ಯಾರು ಎಂಬುದನ್ನು ಬರೆಯಬೇಕು. ಮಗುವಿನ ತೊದಲು ಮಾತುಗಳನ್ನು ತಿದ್ದದೆ, ಅದು ಆಡುವಂತೆಯೇ ಬರೆಯಬೇಕು. ಅದಕ್ಕೆ ಯಾವುದರ ಭಯ, ಯಾರ ಮೇಲೆ ಹೆಚ್ಚು ಸಲುಗೆ, ಬಂದ ಉಡುಗೊರೆಯನ್ನು ಬಿಟ್ಟು ಅದರ ಡಬ್ಬಿಯೊಡನೆ ಎಷ್ಟು ಹೊತ್ತು ಆಡಿತು ಎಂಬಿವೆಲ್ಲವೂ ಬರೆಯತಕ್ಕ ಸಂಗತಿಗಳೇ. ವಿಶೇಷಣಗಳು ಬೇಡ, ಸಂಗತಿಗಳು ಬೇಕು.

ಎರಡನೆಯದು, ಹತ್ತು ಚಿತ್ರಗಳು. ನೂರಾರು ಚಿತ್ರಗಳಿಂದ ಹತ್ತನ್ನು ಆರಿಸಿ, ಕಾಗದದ ಮೇಲೆ ಅಚ್ಚುಹಾಕಿಸಿ, ಕಾಗದದ ಮೂಲೆಗಳಿಂದ ಆಲ್ಬಮ್ಮಿನಲ್ಲಿ ಸಿಕ್ಕಿಸಿಡಬೇಕು. ಅಂಟಿನ ಹಾಳೆಯ ಆಲ್ಬಮ್ಮುಗಳೂ ಅಂಟುಪಟ್ಟಿಗಳೂ ವರ್ಷಗಳು ಕಳೆದಂತೆ ಹಳದಿಗಟ್ಟಿ ಚಿತ್ರವನ್ನು ಕೆಡಿಸುತ್ತವೆ. ಚಿತ್ರದ ಹಿಂಬದಿಯಲ್ಲಿ ಒತ್ತಿ ಬರೆದರೆ ಮುಂಬದಿಯಲ್ಲಿ ಗೆರೆ ಮೂಡುವುದರಿಂದ ಹೆಸರುಗಳನ್ನು ಪಕ್ಕದ ಕಾಗದದಲ್ಲಿ ಎಡದಿಂದ ಬಲಕ್ಕೆ ಬರೆಯುವುದು ಲೇಸು. ಅಡಿಗೆಮನೆಯಲ್ಲಿದ್ದವರೂ ಚಿತ್ರ ತೆಗೆದವರೂ ಈ ಹತ್ತರಲ್ಲಿ ಒಂದರಲ್ಲಿಯಾದರೂ ಇರಲೇಬೇಕು.

ಮೂರನೆಯದು, ಮಗುವಿನದೇ ಗುರುತು. ಅದೇ ಪುಟದ ಎದುರಿಗೆ ಅಂಗೈಯನ್ನಿಟ್ಟು ಪೆನ್ಸಿಲಿನಿಂದ ಸುತ್ತ ಗೆರೆಯೆಳೆಯುವುದು. ಅದು ಗೀಚಿದ್ದನ್ನು ಹಾಗೆಯೇ ಉಳಿಸುವುದು. ಬಾಗಿಲ ಚೌಕಟ್ಟಿನ ಮೇಲೆ ಎತ್ತರವನ್ನು ಗುರುತಿಸುವ ಪದ್ಧತಿಯು ಒಳ್ಳೆಯದೇ. ಬಾಡಿಗೆಯ ಮನೆಯವರು ಉದ್ದನೆಯ ಬಟ್ಟೆಯ ಪಟ್ಟಿಯ ಮೇಲೆ ಗುರುತಿಸಿಕೊಂಡರೆ ಮನೆ ಬದಲಾಯಿಸುವಾಗ ಸುತ್ತಿಕೊಂಡು ಹೋಗಬಹುದು.

ನಾಲ್ಕನೆಯದು, ಧ್ವನಿ. ಫೋನಿನ ಸದುಪಯೋಗವಿರುವುದು ಇಲ್ಲಿ. ಮಗುವಿನ ಮಾತು ಎರಡು ನಿಮಿಷ. ಅಜ್ಜ ಅಥವಾ ಅಜ್ಜಿ ಆ ಮಗುವಿನ ತಂದೆಯೋ ತಾಯಿಯೋ ಹುಟ್ಟಿದ ದಿನವನ್ನು ವರ್ಣಿಸುವ ಮಾತು ಮೂರು ನಿಮಿಷ. ಇದರ ಪ್ರತಿಗಳು ಎರಡು ಬೇರೆ ಬೇರೆ ಮನೆಗಳಲ್ಲಿರಬೇಕು. ಕೈಬರಹವು ಧ್ವನಿಯನ್ನು ಹಿಡಿಯಲಾರದು. ಆ ಧ್ವನಿಯು ಪ್ರತಿ ಹುಟ್ಟುಹಬ್ಬಕ್ಕೂ ಬರುವುದೆಂಬ ಭರವಸೆಯಿಲ್ಲ.

ಇಷ್ಟಕ್ಕೂ ಬಿಡುವಿಲ್ಲವೆನ್ನುವವರುಂಟು. ಕೇಕಿನ ಬಣ್ಣವನ್ನು ಗೊತ್ತುಮಾಡಲು ಮೂರು ಸಂಜೆಗಳನ್ನು ಕಳೆದವರಿಗೆ ಒಂದು ಪುಟ ಬರೆಯಲು ಕಾಲು ಗಂಟೆ ದೊರೆಯದೆಂಬ ಮಾತನ್ನು ಯಾರೂ ನಂಬರು. ಬರೆಯಲು ಬಾರದೆನ್ನುವವರೂ ಉಂಟು. ಇಲ್ಲಿ ಸಾಹಿತ್ಯವನ್ನು ಯಾರೂ ಕೇಳುತ್ತಿಲ್ಲ. ಕಿರಾಣಿಯ ಪಟ್ಟಿಯನ್ನು ಬರೆಯಬಲ್ಲವರೆಲ್ಲರೂ ಇದನ್ನು ಬರೆಯಬಲ್ಲರು. ಪತ್ರಿಕೆಗಳನ್ನೂ ಪುಸ್ತಕಗಳನ್ನೂ ಓದುವ ಮನೆಗಳೇ ಸ್ವಂತ ಮಕ್ಕಳ ವಿಷಯದಲ್ಲಿ ಒಂದು ಪುಟ ಬರೆಯಲಾರವೆಂದರೆ ಆ ವಿದ್ಯೆಯ ಪ್ರಯೋಜನವೇನು?

ಕೊನೆಯದಾಗಿ, ಬರೆದದ್ದನ್ನು ಪೆಟ್ಟಿಗೆಯಲ್ಲಿಟ್ಟು ಮರೆತರೆ ಅದೂ ಫೋನಿನ ಗತಿಯನ್ನೇ ಹೊಂದುವುದು. ನ್ಯೂಜಿಲೆಂಡಿನಲ್ಲಿ ನಡೆದು ೨೦೦೦ದಲ್ಲಿ ಪ್ರಕಟವಾದ ಪರಿಶೋಧನೆಯೊಂದರಲ್ಲಿ ಐರೋಪ್ಯ ಮೂಲದವರ ಮೊದಲ ನೆನಪು ಸರಾಸರಿ ೪೩ ತಿಂಗಳ ವಯಸ್ಸಿನದಾಗಿದ್ದರೆ, ಮಾವೋರಿ ಜನರದು ಸುಮಾರು ೩೩ ತಿಂಗಳಿನದಾಗಿತ್ತು. ಹಿಂದಿನದನ್ನು ಬಾಯಿಂದ ಬಾಯಿಗೆ ಹೇಳುತ್ತ ಬರುವ ಆ ಜನರ ಸಂಪ್ರದಾಯಕ್ಕೂ ಇದಕ್ಕೂ ಸಂಬಂಧವುಂಟೆಂದು ವಿದ್ವಾಂಸರು ಊಹಿಸುತ್ತಾರೆ. ಮನೆಮಂದಿ ಹೇಳುತ್ತಿದ್ದರೆ ಮಗುವಿನಲ್ಲಿ ನೆನಪು ಬೇರೂರುತ್ತದೆ. ಆದುದರಿಂದ ಪ್ರತಿ ಹುಟ್ಟುಹಬ್ಬದ ದಿನ, ಆರತಿಗೋ ಕೇಕಿಗೋ ಮೊದಲು, ಹಿಂದಿನ ವರ್ಷದ ಪುಟವನ್ನು ಮಗುವಿಗೆ ಗಟ್ಟಿಯಾಗಿ ಓದಿ ಹೇಳತಕ್ಕದ್ದು. ಇದು ಯಾವ ಶಾಸ್ತ್ರಕ್ಕೂ ವಿರೋಧವಲ್ಲ. ಯಾವ ನಾಗರಿಕತೆಗೂ ಕುಂದಲ್ಲ. ಇದಕ್ಕೆ ಬೇಕಾದದ್ದು ಒಂದು ಪುಸ್ತಕ, ಒಂದು ಲೇಖನಿ, ಕಾಲು ಗಂಟೆ. ಈ ಮೂರನ್ನೂ ಮಗುವಿಗಾಗಿ ಒದಗಿಸಲಾರದ ಮನೆಯು ಸಭಾಂಗಣಕ್ಕೆ ತೆತ್ತ ಹಣವೆಲ್ಲವೂ ಬಂದವರ ಕಣ್ಣಿಗಾಗಿ ತೆತ್ತದ್ದೆಂದು ತಿಳಿಯಬೇಕು.