ಗೃಹಸ್ಥರೊಡನೆ ನಾಲ್ಕು ಮಾತು: ಸೌರಯಂತ್ರಕ್ಕೆ ಪಾಠ ಹೇಳಿದುದು

ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಮಕ್ಕಳಿಗೆ ಪಾಠ ಹೇಳಿ ನಿವೃತ್ತನಾದ ಮೇಲೆ, ಇನ್ನು ಯಾರಿಗೂ ಪಾಠ ಹೇಳುವ ಪ್ರಸಂಗ ಬಾರದೆಂದು ನಾನು ನಂಬಿದ್ದೆನು. ಆದರೆ ಕಳೆದ ಮುಂಗಾರಿನ ಮೊದಲಲ್ಲಿ, ನಮ್ಮ ಮನೆಯ ಗೋಡೆಗೆ ತಗುಲಿಹಾಕಿರುವ ಒಂದು ಕಬ್ಬಿಣದ ಪೆಟ್ಟಿಗೆಗೆ ಪಾಠ ಹೇಳಬೇಕಾಗಿ ಬಂದಿತು. ಶಿಷ್ಯನು ಒಂದು ಇರುಳೆಲ್ಲ ಮೂಕನಾಗಿ ಕುಳಿತು ಗುರುವಿಗೇ ಬುದ್ಧಿ ಕಲಿಸಿದನು. ಈ ವೃತ್ತಾಂತವನ್ನು ಹೇಳಿಕೊಳ್ಳಲು ನನಗೆ ಸ್ವಲ್ಪ ನಾಚಿಕೆಯೇನೋ ಉಂಟು. ಆದರೂ ಇಂತಹ ಪೆಟ್ಟಿಗೆಗಳು ಈಗ ಹಳ್ಳಿಹಳ್ಳಿಯ ಮನೆಗಳನ್ನೂ ಹೊಕ್ಕಿರುವುದರಿಂದ, ನಾನು ಪಟ್ಟ ಪಾಡು ಮತ್ತೊಬ್ಬ ಗೃಹಸ್ಥನಿಗೆ ತಪ್ಪಲೆಂದು ಬರೆಯುತ್ತಿರುವೆನು.

ಮೈಸೂರಿನಿಂದ ಮಾನಂದವಾಡಿಗೆ ಹೋಗುವ ಹಾದಿಯಲ್ಲಿರುವ ಹಂಪಾಪುರ ನಮ್ಮ ಊರು. ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುಚ್ಛಕ್ತಿಯನ್ನು ತೆಗೆದು, 1902ರಲ್ಲಿಯೇ ಕೋಲಾರದ ಚಿನ್ನದ ಗಣಿಗಳಿಗೆ ಕಳುಹಿಸಿದ ಕೀರ್ತಿ ನಮ್ಮ ಸೀಮೆಗೆ ಸಂದಿದೆ. ಆದರೇನು? ಮುಂಗಾರಿನ ಮೊದಲ ಗಾಳಿಗೆ ಒಂದು ಕೊಂಬೆ ಮುರಿದು ತಂತಿಯ ಮೇಲೆ ಬಿದ್ದರೆ ಇಂದಿಗೂ ಊರೆಲ್ಲ ಕತ್ತಲೆ. ಬೇರೆ ಮನೆಗಳಲ್ಲಿ ಕತ್ತಲೆಯೆಂದರೆ ಬೇಸರ ಮಾತ್ರ. ನಮ್ಮ ಮನೆಯಲ್ಲಿ ಹಾಗಲ್ಲ. ನನ್ನ ತಾಯಿಗೆ ಎಂಬತ್ತನಾಲ್ಕು ವರ್ಷ. ಶ್ವಾಸಕೋಶದ ದೌರ್ಬಲ್ಯದಿಂದ ರಾತ್ರಿಯ ಹೊತ್ತು ಆಮ್ಲಜನಕವನ್ನು ಒದಗಿಸುವ ಯಂತ್ರದ ಆಶ್ರಯ ಬೇಕು. ಆ ಯಂತ್ರ ನಿಲ್ಲಬಾರದೆಂದೇ ಮಾಳಿಗೆಯ ಮೇಲೆ ಸೋಲಾರ್ ಹಲಗೆಗಳನ್ನೂ, ಕೆಳಗೆ 48 ವೋಲ್ಟಿನಂತೆ ನಾಲ್ಕು ಬ್ಯಾಟರಿಗಳನ್ನೂ, ನಡುವೆ ಇನ್ವರ್ಟರನ್ನೂ ಇಡಿಸಿದ್ದೆನು.

ಇನ್ವರ್ಟರಿನ ಕೆಲಸವೇನೆಂಬುದನ್ನು ಎರಡು ಮಾತಿನಲ್ಲಿ ಹೇಳುವೆನು. ಸೂರ್ಯನ ಬೆಳಕಿನಿಂದ ಹಲಗೆಯಲ್ಲಿ ಹುಟ್ಟುವ ವಿದ್ಯುತ್ತು ಒಂದೇ ದಿಕ್ಕಿಗೆ ಹರಿಯತಕ್ಕದ್ದು. ಮನೆಯ ದೀಪ, ಬೀಸಣಿಗೆಗಳಿಗೆ ಬೇಕಾದುದು ಸೆಕೆಂಡಿಗೆ ಐವತ್ತು ಆವೃತ್ತಿಯಂತೆ ದಿಕ್ಕು ಬದಲಿಸುತ್ತಿರುವ 230 ವೋಲ್ಟಿನ ವಿದ್ಯುತ್ತು. ಮೊದಲನೆಯದನ್ನು ಎರಡನೆಯದನ್ನಾಗಿ ಮಾರ್ಪಡಿಸುವುದೇ ಇನ್ವರ್ಟರು. ಅಷ್ಟೇ ಅಲ್ಲ, ಯಾವಾಗ ಬಿಸಿಲನ್ನು ಬಳಸಬೇಕು, ಯಾವಾಗ ಬ್ಯಾಟರಿಯನ್ನು, ಯಾವಾಗ ಕಂಬದ ಕರೆಂಟನ್ನು ಎಂಬುದನ್ನೆಲ್ಲ ಅದೇ ನಿಶ್ಚಯಿಸುವುದು. ಈ ನಿಶ್ಚಯಗಳ ನಿಯಮಗಳನ್ನು ತಯಾರಕರು ಒಂದು ಸಣ್ಣ ಚಿಪ್ಪಿನಲ್ಲಿ ಬರೆದು ಒಳಗೆ ಕೂರಿಸಿರುವರು. ಅದಕ್ಕೆ ಫರ್ಮ್‌ವೇರ್ ಎಂದು ಹೆಸರು. ನಾನು ಅದನ್ನು ನನ್ನ ಅನುಕೂಲಕ್ಕಾಗಿ ಸೂತ್ರಪಾಠವೆಂದು ಕರೆಯುತ್ತೇನೆ.

ಒಮ್ಮೆ ಬರೆದ ಸೂತ್ರವನ್ನು ಮತ್ತೆ ತಿದ್ದುವುದೇಕೆ ಎಂದು ಕೆಲವರು ಕೇಳಬಹುದು. ಪಾಣಿನಿಯ ಸೂತ್ರಗಳಿಗೇ ಕಾತ್ಯಾಯನನು ವಾರ್ತಿಕಗಳನ್ನು ಬರೆಯಬೇಕಾಯಿತಲ್ಲವೇ? ಹೇಳಿದುದನ್ನೂ, ಹೇಳದೆ ಬಿಟ್ಟುದನ್ನೂ, ಸರಿಯಾಗಿ ಹೇಳದೆ ಹೋದುದನ್ನೂ ವಿಚಾರಿಸುವುದು ವಾರ್ತಿಕಕಾರನ ಧರ್ಮ. ಯಂತ್ರದ ಸೂತ್ರವೂ ಹಾಗೆಯೇ. ಜರ್ಮನಿಯಲ್ಲಿ ಇದಕ್ಕೊಂದು ದೊಡ್ಡ ನಿದರ್ಶನವಿದೆ. ಅಲ್ಲಿ ವಿದ್ಯುಜ್ಜಾಲದ ಆವೃತ್ತಿ 50.2ನ್ನು ಮೀರಿದರೆ ಕೂಡಲೆ ಕಳಚಿಕೊಳ್ಳಬೇಕೆಂದು ಹಳೆಯ ಇನ್ವರ್ಟರುಗಳಿಗೆ ವಿಧಿಸಿದ್ದರು. ಸೌರಸ್ಥಾವರಗಳು ನೂರಾರು ಇದ್ದಾಗ ಅದು ಸರಿಯೇ. ಲಕ್ಷಗಟ್ಟಲೆ ಆದ ಮೇಲೆ, ಎಲ್ಲವೂ ಒಂದೇ ಕ್ಷಣದಲ್ಲಿ ಕಳಚಿಕೊಂಡರೆ ದೇಶವೇ ಕತ್ತಲಾದೀತು. ಆದುದರಿಂದ 2012ರಲ್ಲಿ ಅಲ್ಲಿ ನಿಯಮವನ್ನು ಮಾಡಿ, ಮೂರು ಲಕ್ಷಕ್ಕೂ ಮೇಲ್ಪಟ್ಟ ಸ್ಥಾವರಗಳನ್ನು ತಿದ್ದಿಸಲು ತೊಡಗಿದರು. ಕೆಲಸಗಾರರು ಒಂದೊಂದು ಕಡೆಗೂ ಹೋಗಿ ಕೆಲವಕ್ಕೆ ಮಿತಿಯ ಅಂಕೆಯನ್ನೂ, ಕೆಲವಕ್ಕೆ ಸೂತ್ರಪಾಠವನ್ನೂ ಬದಲಿಸಬೇಕಾಯಿತು. ಹವಾಯಿ ದ್ವೀಪಗಳಲ್ಲಿಯಾದರೋ, 2015ರಲ್ಲಿ ಎನ್‌ಫೇಸ್ ಎಂಬ ಕಂಪನಿಯು ಸುಮಾರು 8 ಲಕ್ಷ ಸಣ್ಣ ಇನ್ವರ್ಟರುಗಳನ್ನು ದೂರದಿಂದಲೇ ಒಂದು ದಿನದಲ್ಲಿ ತಿದ್ದಿತು. ನಮ್ಮ ಪೆಟ್ಟಿಗೆ ಮೊದಲನೆಯ ಜಾತಿಗೆ ಸೇರಿದುದು. ಮನೆಗೆ ಬಂದು, ಎದುರಿಗೆ ಕುಳಿತು ಪಾಠ ಹೇಳಿದರೆ ಮಾತ್ರ ಕೇಳುವುದು.

ನಮ್ಮ ಪೆಟ್ಟಿಗೆಯ ದೋಷವಿಷ್ಟು: ಬ್ಯಾಟರಿ ಇಳಿದಿರುವಾಗ ಕಂಬದ ಕರೆಂಟು ಮರಳಿ ಬಂದರೆ, ಅದನ್ನು ಸ್ವೀಕರಿಸುವ ಬದಲು ಪೆಟ್ಟಿಗೆ ಪೂರ್ತಿ ಆರಿಹೋಗುತ್ತಿದ್ದಿತು, ಯಾರಾದರೂ ಎದ್ದು ಗುಂಡಿ ಒತ್ತಬೇಕು. ಅಮ್ಮನ ಯಂತ್ರ ಕೂಗಿಕೊಳ್ಳುವುದು, ನಾನು ಗಾಬರಿಯಿಂದ ಓಡುವುದು, ಹೀಗೆ ನಾಲ್ಕು ರಾತ್ರಿ ನಡೆಯಿತು. ತಯಾರಕರಿಗೆ ತಿಳಿಸಲಾಗಿ, ಅದು ಸೂತ್ರಪಾಠದ ದೋಷವೆಂದೂ, ತಿದ್ದಿದ ಪಾಠ ಸಿದ್ಧವಿದೆಯೆಂದೂ, ಕಂಪ್ಯೂಟರನ್ನು ಜೋಡಿಸಿ ಅದನ್ನು ತುಂಬಬೇಕೆಂದೂ ಉತ್ತರ ಬಂದಿತು. ಹಿಂದೆ ನನ್ನಲ್ಲಿ ಓದಿ, ಐ.ಟಿ.ಐ. ಮುಗಿಸಿ, ಈಗ ಸೋಲಾರ್ ಪಂಪುಗಳನ್ನು ಕೂರಿಸುವ ಹುಡುಗನೊಬ್ಬನಿದ್ದಾನೆ. ಅವನನ್ನು ಕರೆಸಿದೆನು.

ಪೆಟ್ಟಿಗೆಯ ತಳದಲ್ಲಿ ನೆಟ್ ವೈರಿನ ತುದಿ ಸರಿಯಾಗಿ ಕೂರುವಂತಹ ಕಿಂಡಿಯೊಂದಿದ್ದಿತು. ಮೊಮ್ಮಗನ ಓದಿಗೆಂದು ತಂದಿದ್ದ ಕಂಪ್ಯೂಟರಿನಲ್ಲಿಯೂ ಅಂತಹುದೇ ಕಿಂಡಿಯಿದ್ದಿತು. ನಾನು ಸಾಮಾನ್ಯವಾದ ನೆಟ್ ವೈರನ್ನು ತಂದು ಎರಡಕ್ಕೂ ಸೇರಿಸಲು ಹೊರಟೆನು. ಹುಡುಗನು ಕೈಹಿಡಿದು, “ಬೇಡಿ ಮೇಷ್ಟ್ರೇ, ಕಿಂಡಿ ಒಂದೇ ತರಹ ಇದ್ದರೂ ಒಳಗಿನ ತಂತಿ ಬೇರೆ. ಸೇರಿಸಿದರೆ ಕಂಪ್ಯೂಟರೋ ಪೆಟ್ಟಿಗೆಯೋ ಒಂದು ಸುಟ್ಟೀತು” ಎಂದನು. ಅವನ ಮಾತಿನ ತಾತ್ಪರ್ಯವಿಷ್ಟು. ಈ ಕಿಂಡಿಯಲ್ಲಿ ನಡೆಯುವುದು ಇಂಟರ್ನೆಟ್ಟಿನ ಭಾಷೆಯಲ್ಲ, ಆರ್.ಎಸ್. 232 ಎಂಬ, 1960ರಲ್ಲಿ ಮೊದಲು ರೂಪಗೊಂಡ ಹಳೆಯ ಪದ್ಧತಿ. ಹಿಂದಿನ ಕಂಪ್ಯೂಟರುಗಳಿಗೆ ಅದಕ್ಕೆಂದೇ ಒಂಬತ್ತು ಮುಳ್ಳಿನ ಜಾಗವಿರುತ್ತಿದ್ದಿತು, ಈಗಿನವುಗಳಿಗಿಲ್ಲ. ಆದುದರಿಂದ ಪೆಟ್ಟಿಗೆಯೊಡನೆ ಕೊಟ್ಟಿರುವ ವೈರಿನ ಒಂಬತ್ತು ಮುಳ್ಳಿನ ತುದಿಗೆ ಒಂದು ಪರಿವರ್ತಕವನ್ನು ಸೇರಿಸಿ, ಅದನ್ನು ಕಂಪ್ಯೂಟರಿನ ಯು.ಎಸ್.ಬಿ. ಕಿಂಡಿಗೆ ಕೊಡಬೇಕು. ಆ ಪರಿವರ್ತಕವು ದ್ವಿಭಾಷಿಯಿದ್ದಂತೆ. ಅದರ ಪರಿಚಯವನ್ನು ಕಂಪ್ಯೂಟರಿಗೆ ಮಾಡಿಕೊಡಲು ಡ್ರೈವರ್ ಎಂಬುದನ್ನು ಮೊದಲು ಹಾಕಬೇಕು. ಬಳಿಕ ಕಂಪ್ಯೂಟರು ಅದಕ್ಕೆ ‘ಕಾಮ್ 3’ ಎಂಬಂತಹ ಒಂದು ಸಂಖ್ಯೆಯನ್ನು ಕೊಡುವುದು. ಪಾಠ ತುಂಬುವ ತಂತ್ರಾಂಶದಲ್ಲಿ ಅದೇ ಸಂಖ್ಯೆಯನ್ನು ಆರಿಸಬೇಕು. ಇದಿಷ್ಟು ಕೂಡಿಬಂದರೆ ಪೆಟ್ಟಿಗೆಯೂ ಕಂಪ್ಯೂಟರೂ ಮಾತನಾಡುವುವು. ಪೆಟ್ಟಿಗೆಯ ಮುಚ್ಚಳವನ್ನು ತೆರೆಯುವ ಪ್ರಮೇಯವೇ ಇಲ್ಲ, ತೆರೆಯಲೂ ಬಾರದು. ಬಿಸಿಲಿರುವವರೆಗೆ ಹಲಗೆಯಿಂದ ಬರುವ ತಂತಿಗಳಲ್ಲಿ ವಿದ್ಯುತ್ತು ಇದ್ದೇ ಇರುವುದು. ಎಲ್ಲವನ್ನೂ ಆರಿಸಿದ ಮೇಲೂ ಒಳಗಿನ ಕೆಲವು ಭಾಗಗಳು ಕೆಲವು ನಿಮಿಷ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುವುವು.

ನನ್ನ ಮನೆಯವಳು ಅಷ್ಟರಲ್ಲಿ ಹಾಲಿನ ಲೆಕ್ಕದ ಪುಸ್ತಕವನ್ನು ತಂದು, “ಪೆಟ್ಟಿಗೆಯ ಪರದೆಯ ಮೇಲೆ ಈಗ ಏನೇನು ಅಂಕಿಗಳಿವೆಯೋ ಬರೆದುಕೊಳ್ಳಿ. ಅರ್ಧ ಸೇರು ಹಾಲನ್ನೇ ಬರೆದಿಡುವ ಮನೆಯಲ್ಲಿ ಇದನ್ನು ಬರೆದಿಡಬಾರದೇ?” ಎಂದಳು. ನಾನು ನಕ್ಕೆನು, ಆದರೆ ಬರೆದೆನು.

ಅಂದು ಭಾನುವಾರ. ನಾಲ್ಕೂವರೆಯಿಂದ ಆರರ ವರೆಗೆ ರಾಹುಕಾಲವೆಂದು ಹುಡುಗನನ್ನು ಕಾಯಿಸಿ, ಆರೂಕಾಲಿಗೆ ಕೆಲಸಕ್ಕೆ ಕೈಹಾಕಿಸಿದೆನು. ಪಂಚಾಂಗವನ್ನು ನೋಡಿದ ನಾನು ಗಡಿಯಾರವನ್ನು ನೋಡಲಿಲ್ಲ. ಕತ್ತಲಾಗುತ್ತಿರುವಾಗ, ಅಂಗಡಿಗಳೆಲ್ಲ ಮುಚ್ಚಿರುವ ದಿನ, ರಾತ್ರಿಯ ಆಧಾರವಾದ ಯಂತ್ರವನ್ನು ಬಿಚ್ಚುತ್ತಿರುವೆನೆಂಬ ವಿವೇಕ ಹುಟ್ಟಲಿಲ್ಲ. ಅಮ್ಮನ ಯಂತ್ರವನ್ನು ನೇರವಾಗಿ ಕಂಬದ ಕರೆಂಟಿಗೆ ಸೇರಿಸಿ ಪಾಠವನ್ನು ಆರಂಭಿಸಿದೆವು. ಈ ಹಳೆಯ ಪದ್ಧತಿಯ ನಡಿಗೆ ನಿಧಾನ. ಅರ್ಧ ಗಂಟೆಗೂ ಮಿಕ್ಕು ಹಿಡಿಯುವುದೆಂದು ಹುಡುಗನು ಹೇಳಿ, ಕಾಫಿಗೆಂದು ಒಳಗೆ ಹೋದನು. ನೂರರಲ್ಲಿ ನಲವತ್ತು ಭಾಗ ಮುಗಿದಿದ್ದಿತು. ಮುಂಚಿನ ದಿನ ಮಳೆಯಾಗಿದ್ದುದರಿಂದ ಮಳೆಹುಳುಗಳು ಎದ್ದು, ಕಂಪ್ಯೂಟರಿನ ಬೆಳಕಿಗೆ ಮುತ್ತಿದುವು. ಕೀಲಿಗಳ ಸಂದಿಯಲ್ಲೆಲ್ಲ ರೆಕ್ಕೆ. ಮೊಮ್ಮಗನ ವಸ್ತು ಕೆಟ್ಟೀತೆಂದು ನಾನು ಅದರ ಮುಚ್ಚಳವನ್ನು ಮೆಲ್ಲಗೆ ಮುಚ್ಚಿದೆನು.

ಮುಚ್ಚಳ ಮುಚ್ಚಿದರೆ ಕಂಪ್ಯೂಟರು ನಿದ್ರಿಸುವುದೆಂದು ನನಗೆ ತಿಳಿದಿರಲಿಲ್ಲ. ಪಾಠ ಅರ್ಧದಲ್ಲಿಯೇ ಕಡಿಯಿತು. ಹಳೆಯದು ಅಳಿಸಿಹೋಗಿದ್ದಿತು, ಹೊಸದು ಪೂರ್ತಿ ಬಂದಿರಲಿಲ್ಲ. ಪೆಟ್ಟಿಗೆಯ ಪರದೆ ಬರಿದಾಯಿತು. ಹುಡುಗನು ಹೊರಗೆ ಬಂದು ನೋಡಿ ಏನನ್ನೂ ಆಡಲಿಲ್ಲ. ಅವನು ಏನಾದರೂ ಅಂದಿದ್ದರೆ ನನಗೆ ಸಮಾಧಾನವಾಗುತ್ತಿದ್ದಿತು. ಒಂಬತ್ತು ಗಂಟೆಯ ವರೆಗೆ ಹೆಣಗಿದರೂ ಪ್ರಯೋಜನವಾಗಲಿಲ್ಲ.

ಆ ರಾತ್ರಿ ಎರಡು ಗಂಟೆಗೆ ಕರೆಂಟು ಹೋಯಿತು. ವೈದ್ಯರು ಮೊದಲೇ ಎಚ್ಚರಿಸಿದ್ದರಿಂದ ಆಮ್ಲಜನಕದ ಸಿಲಿಂಡರೊಂದನ್ನು ಮನೆಯಲ್ಲಿ ಇಟ್ಟಿದ್ದೆವು. ಅದನ್ನು ತೆರೆದು, ನಾನೂ ನನ್ನ ಮನೆಯವಳೂ ಅಮ್ಮನ ಮಂಚದ ಎರಡು ಪಕ್ಕದಲ್ಲಿ ಕುಳಿತೆವು. ಟಾರ್ಚಿನ ಬೆಳಕಿನಲ್ಲಿ ಸಿಲಿಂಡರಿನ ಮುಳ್ಳನ್ನು ನೋಡುವುದು, ಅಮ್ಮನ ಎದೆಯ ಏರಿಳಿತವನ್ನು ನೋಡುವುದು, ಇಷ್ಟೇ ಕೆಲಸ. ಅಮ್ಮ ಒಮ್ಮೆ ಕಣ್ತೆರೆದು, “ಏನಪ್ಪಾ, ಇನ್ನೂ ಮಲಗಲಿಲ್ಲವೇ?” ಎಂದರು. “ಸೆಕೆ ಅಮ್ಮ” ಎಂದೆನು. ಒಂದು ಗಂಟೆ ನಲವತ್ತು ನಿಮಿಷದ ಮೇಲೆ ಕರೆಂಟು ಬಂದಿತು. ಅಷ್ಟು ದೀರ್ಘವಾದ ಘಳಿಗೆಗಳನ್ನು ನಾನು ಹಿಂದೆ ಕಂಡಿರಲಿಲ್ಲ.

ಬೆಳಗ್ಗೆ ಹುಡುಗನು ಏಳು ಗಂಟೆಗೇ ಬಂದನು. ತಯಾರಕರ ಪುಸ್ತಕದಲ್ಲಿ ಹೇಳಿದ್ದ ಕ್ರಮದಂತೆ ಹಲಗೆ, ಕಂಬ, ಬ್ಯಾಟರಿ ಮೂರನ್ನೂ ಬೇರ್ಪಡಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ ಜೋಡಿಸಿದನು. ಪರದೆ ಬರಿದಾಗಿಯೇ ಇದ್ದರೂ ಕಂಪ್ಯೂಟರು ಈ ಸಲ ಪೆಟ್ಟಿಗೆಯನ್ನು ಗುರುತಿಸಿತು. ಇದಕ್ಕೆ ಕಾರಣವೇನೆಂದರೆ, ನಮ್ಮ ಪೆಟ್ಟಿಗೆಯಲ್ಲಿ ತಯಾರಕರು ಅಳಿಸಲಾಗದ ಒಂದು ಮೊದಲ ಪಾಠವನ್ನು ಬೇರೆಯಾಗಿ ಇಟ್ಟಿದ್ದರು. ಓದಿದುದೆಲ್ಲ ಮರೆತುಹೋದವನಿಗೂ ಅಕ್ಷರಾಭ್ಯಾಸ ಉಳಿದಿರುವಂತೆ. ಅದರ ಬಲದಿಂದ ಮತ್ತೆ ಮೊದಲಿನಿಂದ ಪಾಠ ಹೇಳಿಸಿಕೊಂಡಿತು. ಎಲ್ಲ ಪೆಟ್ಟಿಗೆಗಳಲ್ಲಿಯೂ ಈ ಸೌಕರ್ಯವಿರುವುದೆಂದು ನಂಬಿ ಕೂರಬಾರದು.

ಪರದೆ ಬೆಳಗಿದುದನ್ನು ಕಂಡು ನಾನು ಕೈಮುಗಿದೆನು. ಆದರೆ ಹುಡುಗನು ಹಾಲಿನ ಪುಸ್ತಕವನ್ನು ಕೇಳಿದನು. ಹೋಲಿಸಿ ನೋಡಲಾಗಿ, ಹೊಸ ಪಾಠದೊಡನೆ ನಮ್ಮ ಅಂಕಿಗಳೆಲ್ಲ ಕಾರ್ಖಾನೆಯ ಅಂಕಿಗಳಾಗಿ ಮಾರ್ಪಟ್ಟಿದ್ದುವು. ನೀರು ಹಾಕುವ ನಮ್ಮ ಬ್ಯಾಟರಿಗಳಿಗೆ 58.4 ವೋಲ್ಟಿನ ವರೆಗೆ ತುಂಬಬೇಕೆಂದು ಗೊತ್ತುಮಾಡಿದ್ದುದು 56.4ಕ್ಕೆ ಇಳಿದಿದ್ದಿತು. ಹಾಗೆಯೇ ಬಿಟ್ಟಿದ್ದರೆ ಬ್ಯಾಟರಿಗಳು ಎಂದೂ ಹೊಟ್ಟೆತುಂಬ ಉಣ್ಣದೆ ಬೇಗನೆ ಸೊರಗುತ್ತಿದ್ದುವು. ಲಿಥಿಯಮ್ ಬ್ಯಾಟರಿಯ ಮನೆಯಲ್ಲಿ ಅಂಕಿ ತಪ್ಪಿ ಮೇಲಕ್ಕೇರಿದರೆ ಇನ್ನೂ ದೊಡ್ಡ ಅಪಾಯ. ಮನೆಯವಳು ಈ ಸಲ ನಗಲಿಲ್ಲ. ಪುಸ್ತಕವನ್ನು ಮಾತ್ರ ಸ್ವಸ್ಥಾನಕ್ಕೆ ಒಯ್ದಳು.

ಇಲ್ಲಿ ಮತ್ತೊಂದು ಮಾತನ್ನು ಹೇಳಬೇಕು. 2024ರ ಫೆಬ್ರವರಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಿಂದ 3 ಕಿಲೋವಾಟಿನ ಸ್ಥಾವರಕ್ಕೆ 78,000 ರೂಪಾಯಿ ಸಹಾಯಧನ ದೊರೆಯುವುದರಿಂದ ಅನೇಕರು ಇನ್ವರ್ಟರು ಇಡಿಸಿರುವರು. ಇವು ಬಹುಮಟ್ಟಿಗೆ ಬ್ಯಾಟರಿಯಿಲ್ಲದೆ ಕಂಬದ ತಂತಿಗೆ ಸೇರಿದವು. ಕರೆಂಟು ಹೋದಾಗ, ಬಿಸಿಲಿದ್ದರೂ ಇವು ನಿಂತುಬಿಡುವುವು. ನೆರೆಯವರೊಬ್ಬರು ಇದನ್ನು ದೋಷವೆಂದು ಭಾವಿಸಿ, “ನಿಮ್ಮಂತೆ ನಮ್ಮದಕ್ಕೂ ಪಾಠ ಹೇಳಿಸಿ” ಎಂದು ಬಂದರು. ಅದು ದೋಷವಲ್ಲ, ರಕ್ಷೆ. ಕಂಬ ಹತ್ತಿ ತಂತಿ ಸರಿಪಡಿಸುವ ಲೈನ್‌ಮನ್ನಿನ ಕೈಗೆ ನಮ್ಮ ಮಾಳಿಗೆಯ ವಿದ್ಯುತ್ತು ಹರಿಯಬಾರದೆಂದು ಹಾಗೆ ವಿಧಿಸಿರುವರು. ಅಂತಹ ವಿಧಿಗಳನ್ನು ಮನೆಯವರು ಮುಟ್ಟಲಾಗದು.

ಆದುದರಿಂದ ಗೃಹಸ್ಥರು ನೆನಪಿನಲ್ಲಿಡತಕ್ಕ ಸಂಗತಿಗಳಿವು. ಸರಿಯಾಗಿ ನಡೆಯುತ್ತಿರುವ ಪೆಟ್ಟಿಗೆಗೆ ಹೊಸದೆಂಬ ಆಸೆಯಿಂದ ಪಾಠ ಬದಲಿಸಬೇಡಿರಿ; ಗೊತ್ತಾದ ದೋಷವೊಂದಿದ್ದು, ಅದಕ್ಕೆ ಇದೇ ಮದ್ದೆಂದು ತಯಾರಕರು ಹೇಳಿದರೆ ಮಾತ್ರ ತೊಡಗಿರಿ. ಪಾಠವನ್ನು ತಯಾರಕರಿಂದಲೇ ತರಿಸಿರಿ. ಪೆಟ್ಟಿಗೆಯ ಪಕ್ಕದ ಚೀಟಿಯಲ್ಲಿರುವ ಮಾದರಿಯ ಹೆಸರು ಅಕ್ಷರಶಃ ಹೊಂದಬೇಕು. ಯಾರೋ ವಾಟ್ಸಾಪಿನಲ್ಲಿ ಕಳುಹಿಸಿದುದನ್ನು ತುಂಬಬಾರದು. ಇರುವ ಅಂಕಿಗಳನ್ನು ಬರೆದಿಟ್ಟುಕೊಳ್ಳಿರಿ. ವಾರದ ನಡುವೆ, ಬೆಳಗಿನ ಹೊತ್ತು, ಬಲ್ಲವರು ಕೈಗೆಟಕುವಾಗ ಮಾಡಿರಿ. ಕಂಪ್ಯೂಟರಿನ ಬ್ಯಾಟರಿ ತುಂಬಿರಲಿ, ಅದು ನಿದ್ರಿಸದಂತೆ ಮೊದಲೇ ಕಟ್ಟುಮಾಡಿರಿ. ಮುಗಿಯುವ ವರೆಗೆ ವೈರನ್ನಾಗಲಿ ಮುಚ್ಚಳವನ್ನಾಗಲಿ ಯಾರೂ ಮುಟ್ಟಬಾರದು. ಮೇಷ್ಟ್ರಂತೂ ಸರ್ವಥಾ ಮುಟ್ಟಬಾರದು. ಯಂತ್ರವನ್ನು ನೆಚ್ಚಿಕೊಂಡ ರೋಗಿ ಮನೆಯಲ್ಲಿದ್ದರೆ, ಕೆಲಸ ಕೆಟ್ಟರೆ ಆ ರಾತ್ರಿ ಹೇಗೆಂಬುದನ್ನು ಮೊದಲು ನಿಶ್ಚಯಿಸಿ, ಆಮೇಲೆ ವೈರನ್ನು ಕೈಗೆತ್ತಿಕೊಳ್ಳಿರಿ.

ಪೆಟ್ಟಿಗೆ ಈಗ ಕಂಬದ ಕರೆಂಟು ಬಂದೊಡನೆ ಸದ್ದಿಲ್ಲದೆ ಸ್ವೀಕರಿಸುತ್ತಿದೆ. ಅಮ್ಮನ ಯಂತ್ರ ಆ ದಿನದಿಂದ ರಾತ್ರಿ ಕೂಗಿಲ್ಲ. ಹುಡುಗನಿಗೆ ಕೂಲಿ ಕೊಡಲು ಹೋದರೆ, “ನಿಮ್ಮ ಹತ್ತಿರ ಕಲಿತವನು ಮೇಷ್ಟ್ರೇ” ಎಂದು ಬೇಡವೆಂದನು. ಅವನು ನನ್ನಲ್ಲಿ ಕಲಿತುದು ಶಬ್ದರೂಪ. ನಾನು ಅವನಲ್ಲಿ ಕಲಿತುದು ತಾಳ್ಮೆ. ಲೆಕ್ಕ ನೋಡಿದರೆ ಋಣ ನನ್ನ ಕಡೆಯೇ ಉಳಿಯಿತೆಂದು, ಬಲವಂತವಾಗಿ ಕೂಲಿ ಕೊಟ್ಟು ಕಳುಹಿಸಿದೆನು.