ಎಲ್ಲರೂ ಸಹಿ ಹಾಕಿದ ತಪ್ಪು

ಏಪ್ರಿಲ್ 2015ರಲ್ಲಿ ಬೆಂಗಳೂರಿನ ಸಾರಕ್ಕಿ ಕೆರೆಯಂಗಳಕ್ಕೆ ಜೆಸಿಬಿಗಳು ಇಳಿದವು. ಹೈಕೋರ್ಟಿನ ಆದೇಶ ಜಿಲ್ಲಾಡಳಿತದ ಬೆನ್ನಿಗಿತ್ತು. ದಾಖಲೆಯಲ್ಲಿ ಕೆರೆಯ ವಿಸ್ತೀರ್ಣ 82 ಎಕರೆಗೂ ಮಿಗಿಲು. ಅದರಲ್ಲಿ 30 ಎಕರೆಗೂ ಹೆಚ್ಚು ಒತ್ತುವರಿಯಾಗಿತ್ತು. ಮನೆಗಳ ಜೊತೆ ಅಪಾರ್ಟ್‌ಮೆಂಟುಗಳೂ ತೆರವಿನ ಪಟ್ಟಿಯಲ್ಲಿದ್ದವು. ಮನೆ ಕಳೆದುಕೊಂಡ ಎಷ್ಟೋ ಜನ ತಮ್ಮ ಬಳಿ ನೋಂದಣಿಯಾದ ಕ್ರಯಪತ್ರವಿದೆ, ಕಂದಾಯ ಕಟ್ಟಿದ ರಸೀದಿಯಿದೆ ಎಂದು ಗೋಳಾಡಿದರು.

ಸರಿ–ತಪ್ಪು ನಮ್ಮ ಅಭಿಪ್ರಾಯದಾಚೆಗೂ ಇದೆಯೇ, ಅಥವಾ ನಾಲ್ಕು ಜನ ಒಪ್ಪಿದ್ದನ್ನೇ ನಾವು ಸರಿ ಎನ್ನುತ್ತಿದ್ದೇವೆಯೇ? ಈ ಸಂಚಿಕೆ ರೂಪುಗೊಳ್ಳುವಾಗ ಮತ್ತೆ ಮತ್ತೆ ಎದುರಾದ ಪ್ರಶ್ನೆಯಿದು. ನನಗೆ ಸಾರಕ್ಕಿಯನ್ನು ಬಿಟ್ಟು ಇದನ್ನು ಯೋಚಿಸಲು ಆಗುತ್ತಿಲ್ಲ.

ಅಂಥದೊಂದು ಕ್ರಯಪತ್ರವನ್ನು ಬಿಡಿಸಿ ನೋಡಿ. ಚೆಕ್ಕುಬಂದಿಯನ್ನು ಅಚ್ಚುಕಟ್ಟಾಗಿ ಬರೆದಿರುತ್ತಾರೆ: ಪೂರ್ವಕ್ಕೆ ಇಂಥವರ ಸೈಟು, ಪಶ್ಚಿಮಕ್ಕೆ ರಸ್ತೆ. ಪುಟಪುಟಕ್ಕೂ ಮಾರಿದವರ ಸಹಿ, ಕೊಂಡವರ ಸಹಿ, ಹೆಬ್ಬೆಟ್ಟು; ಕೊನೆಯಲ್ಲಿ ಇಬ್ಬರು ಸಾಕ್ಷಿಗಳು; ಮೇಲೆ ಸರ್ಕಾರದ ಮೊಹರು. 1908ರ ನೋಂದಣಿ ಕಾಯ್ದೆಯ ಪ್ರಕಾರ ನಡೆಯುವುದು ಪತ್ರದ ನೋಂದಣಿ. ಮಾರುವವರಿಗೆ ಆ ನೆಲದ ಮೇಲೆ ಹಕ್ಕಿದೆಯೆಂಬ ಖಾತರಿಯನ್ನು ಆ ಮೊಹರು ಕೊಡುವುದಿಲ್ಲ. ಜೀವಮಾನದ ಉಳಿತಾಯ ತಂದು ಸುರಿದ ಸಂಸಾರಕ್ಕೆ ಇದೆಲ್ಲ ಎಲ್ಲಿ ತಿಳಿಯಬೇಕು? ಅವರ ಪಾಲಿಗೆ ಮೊಹರೆಂದರೆ ಸರ್ಕಾರದ ಮಾತೇ. ಹೀಗೆ ಮಾರಿದವರೂ ಒಪ್ಪಿದರು, ಕೊಂಡವರೂ ಒಪ್ಪಿದರು, ಕಚೇರಿಯೂ ಒಪ್ಪಿತು. ಅಷ್ಟಾದರೂ ಕೆರೆ ಯಾರೂ ಮಾರಬಹುದಾದ ಸ್ವತ್ತಾಗಲಿಲ್ಲ. ಮಳೆಯ ನೀರು ಹೋಗಬೇಕಾದ ತಗ್ಗು ಅದು, ಸುತ್ತಲಿನ ಬೋರ್‌ವೆಲ್ಲುಗಳಿಗೆ ಒರತೆ ಕೊಡಬೇಕಾದ ಒಡಲು. ಅದನ್ನು ನಂಬಬೇಕಿದ್ದವರಲ್ಲಿ ಇನ್ನೂ ಹುಟ್ಟದವರೂ ಇದ್ದರು; ಅವರ ಸಹಿಯನ್ನು ಯಾರಿಂದ ತರಲಾದೀತು? ಒಪ್ಪಿಗೆಯೊಂದರಿಂದಲೇ ಸರಿ ಹುಟ್ಟುವುದಾದರೆ ಆ ವ್ಯವಹಾರ ಸರಿಯಾಗಬೇಕಿತ್ತು.

ಇದಕ್ಕೆ ಎದುರಾಗಿ ಬರುವ ಗಟ್ಟಿ ಮಾತೊಂದಿದೆ. ಧರ್ಮಾಂಬುಧಿ ಕೆರೆಯ ಮೇಲೆ ಮೆಜೆಸ್ಟಿಕ್ ಬಸ್ ನಿಲ್ದಾಣ ಎದ್ದಿದೆ, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಗಿದೆ. ಸರ್ಕಾರ ಮುಚ್ಚಿದರೆ ಅಭಿವೃದ್ಧಿ, ಸಾಮಾನ್ಯರು ಮುಚ್ಚಿದರೆ ಒತ್ತುವರಿ. ಹಾಗಾದರೆ ಸರಿ ಎಂಬುದು ಬಲವಿದ್ದವರ ಮಾತಷ್ಟೇ ಅಲ್ಲವೇ? ಈ ಸಿಟ್ಟು ನ್ಯಾಯವಾದದ್ದು. ನ್ಯಾಯವಾದದ್ದು ಎಂದು ನಾನು ಹೇಳಬಲ್ಲೆನಾದರೆ, ಬಲವಿದ್ದವರಿಗೂ ಇಲ್ಲದವರಿಗೂ ಒಂದೇ ಆಗಬೇಕಾದ ಅಳತೆಯೊಂದನ್ನು ನಾನು ಆಗಲೇ ನಂಬಿದ್ದೇನೆ. ಸರಿ ಎಂಬುದೇ ಇಲ್ಲದ ಮೇಲೆ ತಾರತಮ್ಯದ ದೂರಿಗೆ ಬೆಲೆಯೆಲ್ಲಿ?

1977ರಲ್ಲಿ ತತ್ತ್ವಜ್ಞಾನಿ ಜೆ.ಎಲ್. ಮ್ಯಾಕಿ ಸರಿ–ತಪ್ಪು ಮನುಷ್ಯರೇ ಕಟ್ಟಿಕೊಂಡದ್ದೆಂದು ಪುಸ್ತಕ ಬರೆದು ವಾದಿಸಿದರು. ಸಮಾಜದಿಂದ ಸಮಾಜಕ್ಕೆ ನೀತಿ ಬೇರೆಯಾಗುವುದು ಅವರ ಒಂದು ಆಧಾರ. ಸಾರಕ್ಕಿಯ ಜಗಳದಲ್ಲಿ ಅಂಥ ಭೇದ ನನಗೆ ಕಾಣುವುದಿಲ್ಲ. ಮೋಸ ಸರಿಯೆಂದು ಅಲ್ಲಿ ಯಾರೂ ವಾದಿಸಲಿಲ್ಲ. ಯಾರು ಯಾರಿಗೆ ಮೋಸ ಮಾಡಿದರು ಎಂಬುದೇ ತಕರಾರು. ಗ್ರಾಮನಕ್ಷೆ, ಸರ್ವೆ, ಹಣ ಹೋದ ದಾರಿ ಇವುಗಳನ್ನು ಹಿಡಿದು ಹೊರಟರೆ ಅದಕ್ಕೆ ಉತ್ತರವೂ ಸಿಗುತ್ತದೆ.

ಇನ್ನು ತೆರವಿನ ವಿಷಯ. ಕೆರೆಯನ್ನು ಬಿಡಿಸಿಕೊಂಡದ್ದು ಸರಿ ಎಂದೇ ನನ್ನ ತೀರ್ಮಾನ. ಆದರೆ ಯಂತ್ರಕ್ಕೆ ಸಿಗುವುದು ಆ ದಿನ ಒಳಗೆ ಒಲೆ ಹಚ್ಚಿದ್ದವರು. ಸೈಟು ಮಾಡಿ ಮಾರಿ ಹೋದವರಲ್ಲ. ತಿಳಿದೂ ಕಬಳಿಸಿದವರನ್ನೂ ನಂಬಿ ಕೊಂಡವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು ಅನ್ಯಾಯ. ಆದೇಶವಿತ್ತು, ಕಾನೂನಿತ್ತು, ಕೆರೆ ಉಳಿಯಿತೆಂದು ಸಂತೋಷಪಟ್ಟವರಿದ್ದರು ಎಂಬ ಕಾರಣಕ್ಕೆ ಅದು ನ್ಯಾಯವಾಗಿಬಿಡುವುದಿಲ್ಲ. ಕ್ರಯಪತ್ರಕ್ಕೆ ಬಿದ್ದ ಸಹಿಗಳಿಗಿಲ್ಲದ ಶಕ್ತಿ ಈ ಸಂತೋಷಕ್ಕೆ ಎಲ್ಲಿಂದ ಬರಬೇಕು?

ನಂಬಿ ಕೊಂಡವರ ನಷ್ಟ ಮಾರಿದವರಿಂದ ವಸೂಲಾಗಬೇಕು. ಮೊಹರು ಒತ್ತಿ ಶುಲ್ಕ ಪಡೆದ ಸರ್ಕಾರವೂ ಅದರಲ್ಲಿ ಪಾಲು ಹೊರಬೇಕು. ಇದನ್ನು ನನ್ನ ವೈಯಕ್ತಿಕ ಅನಿಸಿಕೆ ಎಂದು ಬದಿಗಿಡಬೇಡಿ. ಇದು ತಪ್ಪು ಎನಿಸಿದರೆ ಏಕೆ ತಪ್ಪೆಂದು ಕಾರಣ ಕೊಟ್ಟು ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಜಾಗ ಕಾದಿರಿಸಿದ್ದೇವೆ.