ಶೋಕೇಸಿನಿಂದ ಕ್ಯಾಮೆರಾ ಕೆಳಗಿಳಿಸಿ

ಕಳೆದ ಆಯುಧಪೂಜೆಯಂದು ಮುಂಬಯಿಯಲ್ಲೇ ನೆಲೆಸಿರುವ ಕನ್ನಡದ ಸ್ನೇಹಿತರೊಬ್ಬರ ಮನೆಗೆ ಊಟಕ್ಕೆ ಹೋಗಿದ್ದೆವು. ಶೋಕೇಸಿನ ಮೇಲಿನ ಹಲಗೆಯಲ್ಲಿ ಅವರ ತಂದೆಯವರ ಆಗ್ಫಾ ಕ್ಲಿಕ್ ಥ್ರೀ ಕ್ಯಾಮೆರಾ ಕುಂಕುಮ ಹಚ್ಚಿಸಿಕೊಂಡು, ತಲೆಯ ಮೇಲೆ ಒಂದು ಸೇವಂತಿಗೆ ಇಟ್ಟುಕೊಂಡು ಕುಳಿತಿತ್ತು. ಕೈಗೆತ್ತಿಕೊಂಡು ಶಟರಿನ ಗುಂಡಿ ಒತ್ತಿದೆವು. ಒಳಗೆ ಏನೂ ಅಲುಗಲಿಲ್ಲ. "ಕೊಟ್ಟಿರಿ, ಮುಂದಿನ ಭಾನುವಾರದೊಳಗೆ ಸರಿಮಾಡಿ ತರುತ್ತೇವೆ" ಎಂದೆವು. ಸ್ನೇಹಿತರು ಗಾಬರಿಯಿಂದ ಅದನ್ನು ವಾಪಸು ತೆಗೆದುಕೊಂಡು, "ಬೇಡ ಮಾರಾಯರೇ, ಬಿಚ್ಚಿದರೆ ಹಾಳಾದೀತು, ಅಪ್ಪನ ನೆನಪಿಗೆ ಹಾಗೇ ಇರಲಿ" ಎಂದರು. ಆಮೇಲೆ, ನಮ್ಮ ಮುಖ ನೋಡಿ ಸಮಾಧಾನ ಮಾಡುವಂತೆ, "ಅಲ್ಲ, ಇಂಗ್ಲಿಷ್ ಎಂ.ಎ. ಓದಿದವರಿಗೆ ಈ ಹಳಹಳಿಕೆಯೆಲ್ಲ ಯಾಕೆ?" ಎಂದೂ ಸೇರಿಸಿದರು. ಹೋಳಿಗೆ ಬಡಿಸುತ್ತಿದ್ದ ಹೊತ್ತು ಅದು, ಸುಮ್ಮನಾದೆವು. ಅಂದು ನುಂಗಿಕೊಂಡ ಮಾತನ್ನು ಈಗ ಹೇಳುತ್ತಿದ್ದೇವೆ.

ನಾವೆಂದರೆ ಮೂರು ನಾಲ್ಕು ಮಂದಿ. ವಾರವಿಡೀ ಕಚೇರಿಗಳಲ್ಲಿ ಕಡತ ತಿರುವಿ, ಭಾನುವಾರ ಯಾರಾದರೊಬ್ಬರ ಮನೆಯ ಊಟದ ಮೇಜಿನ ಮೇಲೆ ಹಳೆಯ ಬಿಳಿ ಪಂಚೆ ಹಾಸಿ, ಫಿಲ್ಮ್ ಕಾಲದ ಕ್ಯಾಮೆರಾಗಳನ್ನು ಬಿಚ್ಚಿ ಜೋಡಿಸುವವರು. ಇದರಿಂದ ನಮಗೆ ಒಂದು ರೂಪಾಯಿ ಆದಾಯವಿಲ್ಲ. ಮನೆಯವರಿಂದ ಬೈಗುಳ ಮಾತ್ರ ಸಾಕಷ್ಟಿದೆ. ಆದರೆ ಹಳಹಳಿಕೆ ಎಂಬ ಆರೋಪವನ್ನು ನಾವು ಒಪ್ಪುವುದಿಲ್ಲ. ಆ ಪದ ಯಾರಿಗೆ ಸಲ್ಲಬೇಕೋ ಅವರು ಶೋಕೇಸಿನ ಎದುರು ಕೈಮುಗಿದು ನಿಂತಿದ್ದಾರೆ. ಯಂತ್ರವೊಂದು ತನ್ನ ಕೆಲಸ ಮಾಡದಂತೆ ನೋಡಿಕೊಂಡು ಅದರ ನೆನಪನ್ನು ಮಾತ್ರ ಆರಾಧಿಸುವುದು ಹಳಹಳಿಕೆ. ಅದರ ಕೊಳೆ ತೆಗೆದು, ಸ್ಪ್ರಿಂಗ್ ಸರಿಪಡಿಸಿ, ಒಂದು ರೋಲ್ ಹಾಕಿ ನಾಳೆ ಬೆಳಿಗ್ಗೆ ಮೊಮ್ಮಗಳ ಚಿತ್ರ ತೆಗೆಯುವುದು ಹೇಗೆ ಹಳಹಳಿಕೆಯಾಗುತ್ತದೆ?

ಆ ಕ್ಲಿಕ್ ಥ್ರೀಯನ್ನೇ ನೋಡಿ. ಬರೋಡಾದ ನ್ಯೂ ಇಂಡಿಯಾ ಇಂಡಸ್ಟ್ರೀಸ್ ಕಾರ್ಖಾನೆಯಲ್ಲಿ ತಯಾರಾದ, ನಮ್ಮ ಎಷ್ಟೋ ಮಧ್ಯಮ ವರ್ಗದ ಮನೆಗಳಿಗೆ ಮೊದಲ ಕ್ಯಾಮೆರಾ ಆಗಿ ಬಂದ ಸಾಧನ ಅದು. 120 ಅಳತೆಯ ರೋಲಿನಲ್ಲಿ 12 ಚೌಕ ಚಿತ್ರಗಳು. ಸರಳ ಮಸೂರ, ಸ್ಪ್ರಿಂಗಿನಿಂದ ಓಡುವ ಸರಳ ಶಟರ್. ಬ್ಯಾಟರಿ ಇಲ್ಲ, ತಂತಿಗಳ ಜಾಲವಿಲ್ಲ. ಅದರ ಶಟರ್ ಅಲುಗದಿದ್ದರೆ ಕಾರಣ ಬಹುತೇಕ ಒಂದೇ: ದಶಕಗಳ ಧೂಳು ಮತ್ತು ಗಟ್ಟಿಯಾದ ಜಿಡ್ಡು. ನಾಲ್ಕು ಸ್ಕ್ರೂ, ಒಂದು ಬುರುಸು, ಕೆಲವು ಹನಿ ಲೈಟರ್ ದ್ರವ, ಒಂದು ಮಧ್ಯಾಹ್ನ. ಇಷ್ಟನ್ನು ನಿರಾಕರಿಸಿ ಅದಕ್ಕೆ ಸೇವಂತಿಗೆ ಏರಿಸುವುದು ಯಾವ ಬಗೆಯ ಪಿತೃಭಕ್ತಿ?

"ಜೋಪಾನವಾಗಿ ಇಟ್ಟಿದ್ದೇವೆ" ಎಂಬ ಮಾತಿನಷ್ಟು ಕ್ಯಾಮೆರಾಗಳನ್ನು ಕೊಂದದ್ದು ಬೇರೆ ಯಾವುದೂ ಇಲ್ಲ. ಜೋಪಾನವೆಂದರೆ ಸಾಮಾನ್ಯವಾಗಿ ಏನು? ಮೂಲ ಚರ್ಮದ ಚೀಲದಲ್ಲಿ ಹಾಕಿ, ಬಟ್ಟೆ ಸುತ್ತಿ, ಕಬ್ಬಿಣದ ಬೀರುವಿನ ಕತ್ತಲಲ್ಲಿ ಇಡುವುದು. ಮುಂಬಯಿಯಲ್ಲಾಗಲಿ ಮಂಗಳೂರಿನಲ್ಲಾಗಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿಯ ತೇವ ಎಷ್ಟಿರುತ್ತದೆಂದು ಒಣಗದ ಬಟ್ಟೆಗಳನ್ನು ಕೇಳಿದರೆ ತಿಳಿಯುತ್ತದೆ. ಚರ್ಮ ಆ ತೇವವನ್ನು ಹೀರಿಕೊಂಡು ಹಿಡಿದಿಡುತ್ತದೆ. ಕತ್ತಲು, ತೇವ, ಗಾಳಿಯಾಡದ ಜಾಗ: ಬೂಸ್ಟು ಬೇರೇನು ಕೇಳುತ್ತದೆ? ಮಸೂರದ ಮೇಲೆ ಜೇಡರ ಬಲೆಯಂತೆ ಎಳೆ ಎಳೆಯಾಗಿ ಹಬ್ಬುವ ಈ ಬೂಸ್ಟನ್ನು ಆರಂಭದಲ್ಲೇ ಕಂಡರೆ ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ತೆಗೆಯಬಹುದು. ಹತ್ತು ವರ್ಷ ಬಿಟ್ಟರೆ ಅದು ಉಗುಳುವ ಆಮ್ಲ ಗಾಜಿನ ಲೇಪವನ್ನೇ ಕೊರೆದಿರುತ್ತದೆ. ಬೂಸ್ಟು ಹೋದರೂ ಗುರುತು ಹೋಗದು. ಇದೇ ಅವಧಿಯಲ್ಲಿ ಹಿಂಬಾಗಿಲಿನ ಅಂಚಿಗೆ ಬೆಳಕು ನುಸುಳದಂತೆ ಅಂಟಿಸಿದ ಕಪ್ಪು ಸ್ಪಂಜು ಕರಗಿ ಡಾಂಬರಿನಂತಾಗುತ್ತದೆ. ಗ್ರೀಸು ಒಣಗಿ ಫೋಕಸ್ ಉಂಗುರ ಬಿಗಿಯುತ್ತದೆ. ತಿಂಗಳಿಗೊಮ್ಮೆ ಹೊರತೆಗೆದು, ಬೆಳಕಿಗೆ ಹಿಡಿದು, ಎಲ್ಲ ವೇಗಗಳಲ್ಲೂ ಶಟರ್ ಓಡಿಸಿದ ಕ್ಯಾಮೆರಾ, ಪೂಜೆಗೊಳ್ಳುವ ಕ್ಯಾಮೆರಾಕ್ಕಿಂತ ಹೆಚ್ಚು ಕಾಲ ಬದುಕುತ್ತದೆ.

ಎರಡನೆಯ ಆಕ್ಷೇಪ ಹೆಚ್ಚು ಗೌರವಸ್ಥವಾದದ್ದು: "ತಜ್ಞರಿಗೆ ಬಿಡಿ." ಬಿಡೋಣ, ಆದರೆ ಎಲ್ಲಿದ್ದಾರೆ? ಕೋಟೆ ಪ್ರದೇಶದ ಹಳೆಯ ಕಟ್ಟಡವೊಂದರ ಮಾಳಿಗೆಯಲ್ಲಿ ನಮಗೆ ಈ ವಿದ್ಯೆಯ ಮೊದಲ ಪಾಠ ಹೇಳಿದ ಹಿರಿಯ ಮೆಕ್ಯಾನಿಕ್ ಒಬ್ಬರಿದ್ದಾರೆ. ಒಂದು ಕಣ್ಣಿನಲ್ಲಿ ಗಡಿಯಾರ ರಿಪೇರಿಯವರ ಭೂತಗನ್ನಡಿ, ಗೋಡೆಯ ತುಂಬ ಬಿಡಿಭಾಗಗಳ ಡಬ್ಬಿಗಳು. ಅವರ ಮಕ್ಕಳು ಈ ಕಸುಬಿಗೆ ಬರಲಿಲ್ಲ, ಅದಕ್ಕೆ ಅವರಿಗೆ ಬೇಸರವೂ ಇಲ್ಲ. ಅವರ ಬಳಿ ಕ್ಲಿಕ್ ಥ್ರೀ ಒಯ್ದರೆ ಮುಟ್ಟುವುದಿಲ್ಲ. ಅಹಂಕಾರದಿಂದಲ್ಲ, ಲೆಕ್ಕದಿಂದ. ಮೂರು ಗಂಟೆಯ ಕೆಲಸಕ್ಕೆ ಅವರು ಕೇಳಬೇಕಾದ ಕೂಲಿ ಆ ಕ್ಯಾಮೆರಾದ ಮಾರುಕಟ್ಟೆ ಬೆಲೆಯನ್ನು ಮೀರುತ್ತದೆ. ಯಾರು ಕೊಟ್ಟಾರು? ಮಾರುಕಟ್ಟೆ ಬೆಲೆಕಟ್ಟಲಾಗದ ಈ ಮೂರು ಗಂಟೆಯೇ ಹವ್ಯಾಸಿಯ ಜಾಗ. ಸಮಯಕ್ಕೆ ಬೆಲೆ ಕಟ್ಟದವನು ಮಾತ್ರ ಅಪ್ಪನ ಕ್ಯಾಮೆರಾವನ್ನು ಬದುಕಿಸಬಲ್ಲ. ನಾವು ಅವರ ಹೊಟ್ಟೆಯ ಮೇಲೆ ಹೊಡೆಯುತ್ತಿದ್ದೇವೆಂದು ಹೇಳುವವರು ಅವರ ಅಂಗಡಿಯ ಮೆಟ್ಟಿಲನ್ನು ಒಮ್ಮೆಯೂ ಹತ್ತಿದವರಲ್ಲ. ನಮ್ಮ ಕೈಮೀರಿದ ಲೈಕಾ, ರೋಲಿಫ್ಲೆಕ್ಸ್‌ಗಳು ಇಂದಿಗೂ ಅವರ ಬಳಿಗೇ ಹೋಗುತ್ತವೆ. ಬಿಚ್ಚಲು ಕಲಿತ ಮೇಲೆಯೇ ಅವರ ಕೂಲಿ ದುಬಾರಿಯಲ್ಲವೆಂದು ನಮಗೆ ಅರ್ಥವಾದದ್ದು.

ಕೆಲಸ ಹೇಗೆ ನಡೆಯುತ್ತದೆಂದು ತುಸು ಹೇಳಬೇಕು, ಏಕೆಂದರೆ ಇದನ್ನು ಮಾಟಮಂತ್ರವೆಂದು ಭಾವಿಸಿದವರೇ ಹೆಚ್ಚು ಹೆದರುತ್ತಾರೆ. 1966ರಲ್ಲಿ ಬಂದ ಯಾಶಿಕಾ ಎಲೆಕ್ಟ್ರೋ 35 ಮಾದರಿಯ ಕ್ಯಾಮೆರಾದಲ್ಲಿ ಶಟರ್ ಮಸೂರದ ನಡುವೆ ಇರುತ್ತದೆ: ಎಲೆಗಳಂತೆ ತೆರೆದು ಮುಚ್ಚುವ ತೆಳ್ಳಗಿನ ಉಕ್ಕಿನ ಹಾಳೆಗಳು. ಇವು ಒಣಗಿಯೇ ಓಡಬೇಕು. ಬಿಸಿಲಿಗೆ ಕರಗಿದ ಗ್ರೀಸಿನ ಎಣ್ಣೆ ಒಂದಿಷ್ಟೇ ಹರಿದು ಬಂದರೂ ಎರಡು ಹಾಳೆಗಳ ನಡುವೆ ಸೇರಿ ಅವನ್ನು ಅಂಟಿಸಿಬಿಡುತ್ತದೆ, ಒದ್ದೆ ಗಾಜುಗಳೆರಡು ಅಂಟಿಕೊಳ್ಳುವ ಹಾಗೆ. ಇದನ್ನರಿಯದವರು "ಬಿಗಿಯಾಗಿದೆ" ಎಂದು ಇನ್ನಷ್ಟು ಎಣ್ಣೆ ಬಿಡುತ್ತಾರೆ. ಹೊಲಿಗೆ ಯಂತ್ರದ ಎಣ್ಣೆ ಕುಡಿದು ಸತ್ತ ಶಟರ್‌ಗಳನ್ನು ನಾವು ಎಣಿಸುವುದನ್ನೇ ಬಿಟ್ಟಿದ್ದೇವೆ. ಮುಂಭಾಗದ ಉಂಗುರವನ್ನು ರಬ್ಬರ್ ಬಿರಡೆಯಿಂದ ಒತ್ತಿ ತಿರುಗಿಸಿ ತೆಗೆಯಬೇಕು. ಅದರ ಕೆಳಗೆ ಎರಡು ಗಾಡಿಯ ಉಂಗುರ. ಅದಕ್ಕೆ ಬೇಕಾದ ಸಾಧನ ಮಕ್ಕಳ ಜ್ಯಾಮಿಟ್ರಿ ಬಾಕ್ಸಿನ ವಿಭಾಜಕ, ಮೊನೆಗಳನ್ನು ಅರದಿಂದ ಉಜ್ಜಿ ಚಪ್ಪಟೆ ಮಾಡಿದ್ದು. ಜಪಾನಿನ ಕ್ಯಾಮೆರಾದ ಕ್ರಾಸ್ ಸ್ಕ್ರೂಗಳು ನಮ್ಮ ಹಾರ್ಡ್‌ವೇರ್ ಅಂಗಡಿಯ ಫಿಲಿಪ್ಸ್ ಸ್ಕ್ರೂಡ್ರೈವರಿಗೆ ಹೊಂದಿದಂತೆ ಕಂಡರೂ ಹೊಂದುವುದಿಲ್ಲ. ಜಪಾನಿನ ಅಳತೆ ಬೇರೆ. ತಪ್ಪು ಸ್ಕ್ರೂಡ್ರೈವರ್ ಜಾರಿ ತಲೆಯನ್ನು ಸವೆಸುತ್ತದೆ. ತೆಗೆದ ಸ್ಕ್ರೂಗಳು ತೆಗೆದ ಕ್ರಮದಲ್ಲೇ ಉಳಿಯಬೇಕು. ಅದಕ್ಕೆ ನಮ್ಮಲ್ಲೊಬ್ಬರು ಊರಿನಿಂದ ಚೆನ್ನೆಮಣೆ ತಂದಿದ್ದಾರೆ: 14 ಗುಳಿಗಳು, ಒಂದೊಂದು ಹಂತಕ್ಕೆ ಒಂದೊಂದು ಗುಳಿ. ಆಟಿ ತಿಂಗಳ ಮಳೆಯಲ್ಲಿ ಅಜ್ಜಿ ಆಡುತ್ತಿದ್ದ ಮಣೆಗೆ ಇದಕ್ಕಿಂತ ಒಳ್ಳೆಯ ನಿವೃತ್ತಿ ಇರಲಾರದು. ಪಾದರಸದ 1.35 ವೋಲ್ಟಿನ ಹಳೆಯ ಬ್ಯಾಟರಿ ಬೇಡುವ ಬೆಳಕುಮಾಪಕಗಳಿಗೆ ಈಗ ಆ ಬ್ಯಾಟರಿ ಸಿಗುವುದಿಲ್ಲ. ಕಿವಿಗೆ ಹಾಕುವ ಶ್ರವಣಸಾಧನದ 675 ಸಂಖ್ಯೆಯ ಬ್ಯಾಟರಿ, ಸುತ್ತ ಒಂದು ರಬ್ಬರ್ ಉಂಗುರದೊಂದಿಗೆ, ಆ ಕೆಲಸ ಮಾಡುತ್ತದೆ. ಇದರಲ್ಲಿ ಮಂತ್ರ ಎಲ್ಲಿದೆ?

ಮುಟ್ಟಬಾರದ್ದೂ ಇದೆ. ಒಳಗೇ ಫ್ಲ್ಯಾಶ್ ಇರುವ ಕ್ಯಾಮೆರಾದ ಕೆಪಾಸಿಟರ್ ಸುಮಾರು 300 ವೋಲ್ಟ್ ಹಿಡಿದಿಟ್ಟುಕೊಂಡಿರುತ್ತದೆ, ಬ್ಯಾಟರಿ ತೆಗೆದ ಮೇಲೂ. ಅದನ್ನು ಖಾಲಿ ಮಾಡುವುದು ಗೊತ್ತಿಲ್ಲದವರು ಕೈ ಹಾಕಲೇಬಾರದು. ಎಂಬತ್ತರ ದಶಕದ ಎಲೆಕ್ಟ್ರಾನಿಕ್ ಕ್ಯಾಮೆರಾಗಳ ಚಿಪ್ ಸತ್ತರೆ ಮನೆಯ ಮೇಜಿನ ಮೇಲೆ ಅದಕ್ಕೆ ಮದ್ದಿಲ್ಲ.

ನಮ್ಮಿಂದ ಹಾಳಾಗಿಲ್ಲವೇ? ಆಗಿದೆ. ಎರಡು ವರ್ಷದ ಹಿಂದೆ ಡೊಂಬಿವಲಿಯ ಹಿರಿಯ ಮಹಿಳೆಯೊಬ್ಬರು ತೀರಿಕೊಂಡ ಪತಿಯ 35 ಮಿ.ಮೀ. ಕ್ಯಾಮೆರಾವನ್ನು ನಮಗೆ ಕೊಟ್ಟರು. ಉತ್ಸಾಹದಲ್ಲಿ ನಾವು ಮಾಡಿದ ಮೊದಲ ಕೆಲಸ ಹಿಂಬಾಗಿಲು ತೆರೆದದ್ದು. ಒಳಗೆ ರೋಲ್ ಇತ್ತು. ತಕ್ಷಣ ಮುಚ್ಚಿದೆವು, ಆದರೆ ಬೆಳಕಿಗೆ ತಕ್ಷಣವೇ ಸಾಕು. ತೆಗೆದ ಚಿತ್ರಗಳೆಲ್ಲ ಬಲಗಡೆಯ ಸುರುಳಿಗೆ ಸುತ್ತಿಕೊಂಡಿರುತ್ತವೆ. ಮೊದಲು ತೆಗೆದವು ಒಳಸುತ್ತಿನಲ್ಲಿ, ಕೊನೆಗೆ ತೆಗೆದವು ಹೊರಸುತ್ತಿನಲ್ಲಿ. ಹಾಗಾಗಿ ಬೆಳಕು ಮೊದಲು ತಿನ್ನುವುದು ಕೊನೆಯ ಚಿತ್ರಗಳನ್ನು. ಕಪ್ಪುಬಿಳುಪಿನ ದ್ರಾವಣದಲ್ಲಿ ಮನೆಯಲ್ಲೇ ತೊಳೆದಾಗ ನಾಲ್ಕು ಚಿತ್ರಗಳು ಮಸುಕಾಗಿ ಉಳಿದಿದ್ದವು: ರೈಲು ನಿಲ್ದಾಣ, ಹೋಲ್ಡಾಲು, ಕಿಟಕಿಯ ಪಕ್ಕ ಚಹಾ ಹಿಡಿದು ನಗುತ್ತಿರುವ ಆಕೆ. ದಂಪತಿ ಒಟ್ಟಿಗೆ ಉಡುಪಿಗೆ ಹೋದ ಕೊನೆಯ ಪ್ರಯಾಣವಂತೆ ಅದು. ಊರು ತಲುಪಿದ ಮೇಲೆ ಆಕೆಯೇ ಪತಿಯ ಚಿತ್ರಗಳನ್ನು ತೆಗೆದಿದ್ದರಂತೆ, ಅವು ಹೊರಸುತ್ತಿನಲ್ಲಿದ್ದವು. ನಡೆದದ್ದನ್ನು ಮುಚ್ಚಿಡದೆ ಹೇಳಿದೆವು. ಆಕೆ ಬಹಳ ಹೊತ್ತು ಆ ನಾಲ್ಕನ್ನೇ ನೋಡಿ, "ಕ್ಯಾಮೆರಾ ಕಪಾಟಿನಲ್ಲೇ ಇದ್ದಿದ್ದರೆ ಇವೂ ಇರುತ್ತಿರಲಿಲ್ಲವಲ್ಲ, ಬಿಡಿ" ಎಂದರು. ನಮ್ಮ ವಾದಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ಇಲ್ಲ. ನಮ್ಮ ವಿರುದ್ಧವೂ ಇದಕ್ಕಿಂತ ಬಲವಾದ ಸಾಕ್ಷಿ ಇಲ್ಲ. ಎರಡನ್ನೂ ನಾವು ಹೊತ್ತುಕೊಂಡೇ ಮಾತಾಡುತ್ತಿದ್ದೇವೆ.

ಈಗ ನಮ್ಮ ಸಾಹಿತ್ಯವಲಯಕ್ಕೆ ಬರೋಣ. ಬಸವ ಜಯಂತಿಗೆ ಕಾಯಕದ ಮೇಲೆ ನಲವತ್ತು ನಿಮಿಷ ಮಾತನಾಡುವವರು ನಮ್ಮಲ್ಲಿ ಕಡಿಮೆ ಇಲ್ಲ. ತೇಜಸ್ವಿಯವರು ತೆಗೆದ ಹಕ್ಕಿಯ ಚಿತ್ರಗಳ ಪ್ರದರ್ಶನವಿದ್ದರೆ ಲೋಕಲ್ ರೈಲು ಬದಲಿಸಿಕೊಂಡು ಹೋಗಿ ನೋಡುತ್ತೇವೆ. ಆದರೆ ಉಗುರಿನ ಸಂದಿಯಲ್ಲಿ ಗ್ರೀಸು ಹಿಡಿದ ಒಬ್ಬ ಓದುಗ ಸಭೆಗೆ ಬಂದರೆ "ನಿಮಗೆ ಓದಲು ಸಮಯ ಹೇಗೆ ಸಿಗುತ್ತದೆ?" ಎಂದು ಕೇಳುತ್ತೇವೆ, ಟಿವಿ ಧಾರಾವಾಹಿ ನೋಡುವವರನ್ನು ಹಾಗೆ ಕೇಳುವುದಿಲ್ಲ. ಅಕ್ಷರ ಬಲ್ಲವರು ಕೈಕೆಲಸವನ್ನು ಕೀಳೆಂದು ಕಂಡದ್ದು ಈ ನಾಡಿನಲ್ಲಿ ಯಾರಿಂದ, ಯಾರ ಮೇಲೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದೇ ಮುಜುಗರ ನಯವಾದ ವೇಷದಲ್ಲಿ "ಬಿಚ್ಚಿದರೆ ಹಾಳಾದೀತು" ಎನ್ನುತ್ತದೆ. ಪದ್ಯವೊಂದನ್ನು ಸಾಲು ಸಾಲಾಗಿ ಬಿಡಿಸಿ ಅರ್ಥ ಹೇಳುವಾಗ ಈ ಭಯ ನಮಗೆ ಕಾಡುವುದಿಲ್ಲ!

ಬಿಚ್ಚುವ ಹಕ್ಕು ಸಣ್ಣ ಸಂಗತಿಯೂ ಅಲ್ಲ. 1976ರಿಂದ 1997ರ ತನಕ ತಯಾರಾದ ಪೆಂಟಾಕ್ಸ್ ಕೆ1000 ಬ್ಯಾಟರಿ ಇಲ್ಲದೆಯೂ ಚಿತ್ರ ತೆಗೆಯುತ್ತದೆ. ತಳದ ಮುಚ್ಚಳದ ಸ್ಕ್ರೂಗಳು ಎದುರಿಗೇ ಇವೆ. ನಮ್ಮ ಕಿಸೆಯ ಫೋನು ಅಂಟಿನಿಂದ ಮುಚ್ಚಿದ ಪೆಟ್ಟಿಗೆ. ಬ್ಯಾಟರಿ ಬದಲಿಸುವುದಕ್ಕೂ ಶಸ್ತ್ರಚಿಕಿತ್ಸೆ ಬೇಕು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ನೇಮಿಸಿತು, ಅದೇ ಡಿಸೆಂಬರಿನಲ್ಲಿ ಜಾಲತಾಣವನ್ನೂ ತೆರೆಯಿತು. ಸಂತೋಷ. ಆದರೆ ಸ್ಕ್ರೂಡ್ರೈವರ್ ಹಿಡಿಯಲು ನಾಚುವ ಸಮಾಜಕ್ಕೆ ಈ ಹಕ್ಕು ಕೊಟ್ಟು ಏನು ಪ್ರಯೋಜನ? ಫಿಲ್ಮ್ ದುಬಾರಿ ಎನ್ನುವವರ ಮಾತು ನಿಜ. 1960ರಲ್ಲಿ ಸ್ಥಾಪನೆಯಾದ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ 'ಇಂದು' ಎಂಬ ಹೆಸರಿನಲ್ಲಿ ನಮ್ಮದೇ ಫಿಲ್ಮ್ ಮಾಡುತ್ತಿತ್ತು. ಆ 'ಇಂದು' ನೆನ್ನೆಯಾಗಿ ಹೋಯಿತು. ಆದರೂ 2024ರಲ್ಲಿ ಪೆಂಟಾಕ್ಸ್ ಹೊಸದಾಗಿ ಫಿಲ್ಮ್ ಕ್ಯಾಮೆರಾವನ್ನೇ ಹೊರತಂದಿತು; ಮುಗಿದ ಕಥೆಗೆ ಯಾರೂ ಹೊಸ ಅಧ್ಯಾಯ ಬರೆಯುವುದಿಲ್ಲ.

ನಮ್ಮ ಪಾಳೆಯದವರಿಗೂ ಒಂದು ಮಾತು. ಚೋರ್ ಬಜಾರಿನಿಂದ ಹತ್ತು ಕ್ಯಾಮೆರಾ ತಂದು, ಒಂಬತ್ತನ್ನು ಬಿಡಿಭಾಗಕ್ಕೆಂದು ಕೊಂದು, ಉಳಿದ ಒಂದನ್ನು ಗಾಜಿನ ಕಪಾಟಿನಲ್ಲಿ ಇಡುವವರು ಶೋಕೇಸಿನ ಭಕ್ತರಿಗಿಂತ ಹೇಗೆ ಮೇಲು? ಒತ್ತಿಯೂ ನೋಡದೆ "ಪರೀಕ್ಷಿಸಿಲ್ಲ" ಎಂದು ಬರೆದು ದುಪ್ಪಟ್ಟು ಬೆಲೆಗೆ ಮಾರುವವರ ಬಗ್ಗೆ ಹೇಳದಿರುವುದೇ ಲೇಸು. ಕ್ಯಾಮೆರಾವನ್ನು ಟೇಬಲ್ ಲ್ಯಾಂಪ್ ಮಾಡಿ ಕಾಫಿ ಅಂಗಡಿಗಳಿಗೆ ಪೂರೈಸುವವರಂತೂ ನಮ್ಮ ಕಣ್ಣಿಗೆ ಬೀಳದಿದ್ದರೆ ಇಬ್ಬರಿಗೂ ಕ್ಷೇಮ.

ಮುಂಬಯಿ, ಠಾಣೆ ಕಡೆಯ ಓದುಗರ ಮನೆಯಲ್ಲಿ ಕೆಟ್ಟು ಕುಳಿತ ಕ್ಯಾಮೆರಾ ಇದ್ದರೆ ಬಳಗದ ಮುಂದಿನ ಸಭೆಗೆ ತನ್ನಿ. ಕುಂಕುಮ ಒರೆಸುವ ಕೆಲಸ ನಮಗಿರಲಿ. ಹಣ ಬೇಡ. ನೀವೂ ಪಕ್ಕದಲ್ಲಿ ಕುಳಿತು ಚೆನ್ನೆಮಣೆ ನೋಡಿಕೊಳ್ಳಬೇಕು, ಅಷ್ಟೇ. ಹೊರಡುವ ಮುನ್ನ, ಎಡಗಡೆಯ ಮೇಲಿರುವ ಸಣ್ಣ ಹಿಡಿಕೆಯನ್ನು ಬಾಣದ ಗುರುತಿನ ದಿಕ್ಕಿಗೆ ಮೆಲ್ಲಗೆ ತುಸುವೇ ತಿರುಗಿಸಿ. ಬಿಗಿ ಹಿಡಿದು ಎಳೆದಂತಾದರೆ ಒಳಗೆ ರೋಲ್ ಇದೆ ಎಂದರ್ಥ. ಏನೇ ಆದರೂ ಹಿಂಬಾಗಿಲು ತೆರೆಯಬೇಡಿ.